ಕಟ್ಟೆಯ ಬುಡದಲ್ಲಿ ಒಂದು ಲೋಟ ತಿಳಿನೀರು

ಎರಡು ಹಂಸದೋಣಿಗಳಿಗೆ ಪಂಕ್ಚರ್ ಅಣ್ಣ ತೆತ್ತ ಬೆಲೆ ಇಷ್ಟು: ಚೆನ್ನಾಗಿ ಓಡುತ್ತಿದ್ದ ಒಂದು ಸ್ಕೂಟರ್, ಹೆಂಡತಿ ಬೀರುವಿನಲ್ಲಿ ಸೀರೆಗಳ ಅಡಿಗೆ ಬಚ್ಚಿಟ್ಟಿದ್ದ ಗಂಟು, ಮತ್ತು ಭಾವಮೈದನ ಕಣ್ಣಲ್ಲಿ ಉಳಿದಿದ್ದ ಅಷ್ಟಿಷ್ಟು ಮರ್ಯಾದೆ. ಮುಚ್ಚಿಹೋದ ಯಾವುದೋ ಪಾರ್ಕಿನವರು ಗುಜರಿಗೆ ಹಾಕಲಿದ್ದ ದೋಣಿಗಳು ಅವು. ಒಂದಕ್ಕೆ ಕೊಕ್ಕಿರಲಿಲ್ಲ. ಇನ್ನೊಂದರ ಕತ್ತು, ಪಕ್ಕದ ಮನೆಯ ಜಗಳಕ್ಕೆ ಕಿವಿ ಕೊಟ್ಟವರ ಹಾಗೆ, ಒಂದೇ ಕಡೆಗೆ ವಾಲಿತ್ತು. ಅಣ್ಣ ತನ್ನ ಸೈಕಲ್ ಶಾಪಿನಲ್ಲಿ ಅವಕ್ಕೆ ಹೊಸ ಚೈನು, ಹೊಸ ಪೆಡಲು ಹಾಕಿ, ಬಿಳಿ ಬಣ್ಣ ಬಳಿದು, ಊರಾಚೆಯ ಮಣ್ಣಿನ ಕಟ್ಟೆಯ ಮೇಲೆ ಸಾಗಿಸಿ ಇಟ್ಟಿದ್ದ. ಅಪ್ಪಣೆ ಸಿಕ್ಕರೆ ನೀರಿಗೆ, ಸಿಗದಿದ್ದರೆ ಮತ್ತೆ ಗುಜರಿಗೆ.

ಅಪ್ಪಣೆ ಕೊಡಬೇಕಾದ ಇಂಜಿನಿಯರ್ ಮೇಡಂ ಆ ದಿನ ಸಂಜೆ ಬರುವವರಿದ್ದರು. ಕಟ್ಟೆ ಭದ್ರವಾಗಿದೆಯೆಂದು ಅವರಿಗೆ ಅನ್ನಿಸಿದರೆ ಸಾಕು, ಮರುದಿನದಿಂದಲೇ ಬಾಡಿಗೆಗೆ ದೋಣಿ ಓಡಿಸಬಹುದು. ಹೆಣ್ಣು ನೋಡಲು ಬರುವವರಿಗಾಗಿ ಮನೆ ಓರಣ ಮಾಡುವಂತೆ ಅಣ್ಣ ಬೆಳಿಗ್ಗೆಯೇ ಕಟ್ಟೆಗೆ ಬಂದ. ಏರಿಯ ಮೇಲೆ ಬೆಳೆದ ಗಿಡಗಂಟಿ ಕಿತ್ತ. ಹೆಚ್ಚಾದ ನೀರು ಹರಿದುಹೋಗುವ ಕೋಡಿಯಲ್ಲಿ, ಮೀನು ತಪ್ಪಿಸಿಕೊಳ್ಳದಿರಲೆಂದು ಯಾರೋ ಕಟ್ಟಿದ್ದ ಬಲೆ ಬಿಚ್ಚಿ ಎಸೆದ. ಆಮೇಲೆ ಕಟ್ಟೆಯ ಹೊರಮೈಯ ಬುಡಕ್ಕೆ ಇಳಿದ. ಚಪ್ಪಲಿ ಪಚಕ್ ಎಂದಿತು.

ಬಗ್ಗಿ ನೋಡಿದ. ಹುಲ್ಲಿನ ನಡುವೆ ತಟ್ಟೆಯಗಲದ ಒದ್ದೆ. ಅದರ ಮಧ್ಯೆ ಬೆರಳು ಗಾತ್ರದ ನೀರು ಸದ್ದಿಲ್ಲದೆ ಜಿನುಗುತ್ತಿತ್ತು. ಜೀವಮಾನವೆಲ್ಲ ಟ್ಯೂಬನ್ನು ನೀರಿನಲ್ಲಿ ಅದ್ದಿ ತೂತು ಹುಡುಕಿದವನಿಗೆ, ತೂತು ತಾನಾಗಿಯೇ ಬಂದು ಎದುರು ನಿಂತಾಗ ಏನು ಮಾಡಬೇಕೆಂದು ತೋಚಲಿಲ್ಲ. ಮೇಡಂಗೇ ಫೋನು ಮಾಡಿ, ತನ್ನ ಸ್ನೇಹಿತನ ಊರಲ್ಲಿ ಇಂಥದ್ದೊಂದು ಕಟ್ಟೆಯಿದೆಯೆಂದೂ, ಅವನು ಬಹಳ ಗಾಬರಿಯಾಗಿದ್ದಾನೆಂದೂ ಹೇಳಿದ.

"ಮಣ್ಣಿನ ಕಟ್ಟೆ ಅಂದ್ಮೇಲೆ ಸ್ವಲ್ಪ ಒಸರೋದು ಇದ್ದಿದ್ದೇ," ಅಂದರು ಮೇಡಂ. "ಬರೋ ನೀರು ತಿಳಿಯಾಗಿರಬೇಕು, ಅಷ್ಟೇ. ಬಗ್ಗಡ ಬಂತು ಅಂದ್ರೆ ಒಳಗಿನ ಮಣ್ಣು ಕೊಚ್ಕೊಂಡು ಬರ್ತಿದೆ ಅಂತ ಅರ್ಥ. ಆಗ ಮಾತೇ ಇಲ್ಲ, ಕಟ್ಟೆ ಖಾಲಿ ಮಾಡ್ಸೋದೇ. ನಿಮ್ಮ ಸ್ನೇಹಿತರಿಗೆ ಹೇಳಿ, ಸಂಜೆ ನಿಮ್ಮೂರಿಗೆ ಬಂದಾಗ ಅದನ್ನೂ ನೋಡ್ತೀನಿ."

ಅಣ್ಣ ನೀರನ್ನು ನೋಡಿದ. ಕನ್ನಡಿಯ ಹಾಗಿತ್ತು. ಎದೆಯ ಮೇಲಿನ ಕಲ್ಲು ಅರ್ಧ ಇಳಿಯಿತು.

ಅಷ್ಟರಲ್ಲಿ ಏರಿಯ ಮೇಲೆ ಬೆಳಗಿನ ನಡಿಗೆಗೆ ಬಂದ ಕ್ಷೌರದಂಗಡಿಯವನು ಕಾಣಿಸಿಕೊಂಡ. ಥಂಡಿಗೆ ಹೆದರಿ ಕಿವಿಗೆ ಹತ್ತಿ ತುರುಕಿ, ಅದರ ಮೇಲೆ ಮಫ್ಲರು ಸುತ್ತಿದ್ದ. ಗಾಳಿ ಬೇರೆ ಬೀಸುತ್ತಿತ್ತು. ಏನಣ್ಣಾ ಅಲ್ಲಿ ಎಂದು ಮೇಲಿಂದಲೇ ಕೇಳಿದ. ಒಂಚೂರು ನೀರು ಒಸರುತ್ತಿದೆ, ಮೇಡಂನ ಕೇಳಿದ್ದಾಯಿತು, ಭಯವಿಲ್ಲ ಎಂದು ಅಣ್ಣ ಕೆಳಗಿಂದ ಕೂಗಿದ.

"ಏನಂದ್ರು ಮೇಡಂ?"

"ತಿಳಿಯಾಗಿರಬೇಕು ಅಂದ್ರು."

ಹತ್ತಿ, ಮಫ್ಲರು, ಗಾಳಿ, ಇಷ್ಟನ್ನೂ ದಾಟಿ ಒಳಗೆ ಹೋಗುವಷ್ಟರಲ್ಲಿ ಆ ಮಾತು 'ತಿಳಿದಿರಬೇಕು' ಎಂದಾಗಿತ್ತು.

"ಎಲ್ಲಾ ಕಡೆನೂ?"

"ಹೂಂ, ಎಲ್ಲಾ ಕಡೆನೂ. ಮೇಡಂ ಬರೋ ಹೊತ್ತಿಗೆ."

"ಅದನ್ನ ನನಗೆ ಬಿಡಣ್ಣಾ," ಎಂದು ಕ್ಷೌರದವನು ನಡಿಗೆಯನ್ನು ಅರ್ಧಕ್ಕೆ ಬಿಟ್ಟು ಅಂಗಡಿಯ ಕಡೆ ದೌಡಾಯಿಸಿದ. ನೀರು ತಿಳಿಯಾಗಿಡುವ ಕೆಲಸವನ್ನು ಇವನು ಅಂಗಡಿಯಲ್ಲಿ ಕೂತು ಹೇಗೆ ಮಾಡುತ್ತಾನೆಂದು ಅಣ್ಣನಿಗೆ ಅರ್ಥವಾಗಲಿಲ್ಲ.

ಅಂಗಡಿಯಲ್ಲಿ ಗಡ್ಡಕ್ಕೆ ಕೂತವನಿಗೆ ಕಟ್ಟೆ ಒಸರುತ್ತಿದೆಯೆಂಬ ಸುದ್ದಿ ಸಿಕ್ಕಿತು. ಕ್ರಾಪಿಗೆ ಕೂತವನ ಹೊತ್ತಿಗೆ ಅದು ಬಿರುಕಾಯಿತು. ತಲೆಗೆ ಬಣ್ಣ ಹಚ್ಚಿಸಿಕೊಳ್ಳುತ್ತಿದ್ದವನು ಅರ್ಧ ತಲೆ ಕಪ್ಪು, ಅರ್ಧ ಬಿಳಿ ಇರುವಾಗಲೇ ಮನೆಯವರನ್ನು ಉಳಿಸಲು ಎದ್ದು ಓಡಿದ. ಅವನ ತಲೆ ನೋಡಿದವರು ಹೆದರಿಕೆಗೇ ಕೂದಲು ಹಾಗಾಗಿದೆ ಅಂದುಕೊಂಡರು.

ಮಧ್ಯಾಹ್ನದ ಹೊತ್ತಿಗೆ ಊರಿಗೆ ಊರೇ ಕಟ್ಟೆಯ ಬುಡದಲ್ಲಿತ್ತು. ಒಡೆಯುವ ಕಟ್ಟೆಯಿಂದ ದೂರ ಓಡಬೇಕೆಂದು ಒಬ್ಬರಿಗೂ ಹೊಳೆಯಲಿಲ್ಲ. ಎಲ್ಲರೂ ಒಡೆಯುವುದನ್ನು ಹತ್ತಿರದಿಂದ ನೋಡಲು ಬಂದಿದ್ದರು. ತುಳಿಯಬೇಡಿ, ನೀರು ಕದಡುತ್ತದೆ ಎಂದು ಅಣ್ಣ ಕೈ ಮುಗಿದ. ತುಳಿಯುವುದಿಲ್ಲ ಎಂದು ಎಲ್ಲರೂ ಮಾತು ಕೊಟ್ಟರು, ಮತ್ತು ಮಾತು ಕೊಡಲು ಒಂದು ಹೆಜ್ಜೆ ಮುಂದೆ ಬಂದರು. ನಿವೃತ್ತ ಮೇಷ್ಟ್ರು ಆಳ ನೋಡುವುದಕ್ಕೆಂದು ಕೊಡೆಯ ತುದಿಯನ್ನು ಒಸರಿನೊಳಗೆ ಚುಚ್ಚಿ ಗಿರಗಿರ ತಿರುಗಿಸಿದರು. ಹಿಟ್ಟಿನ ಗಿರಣಿಯ ಅಕ್ಕ ಹಳೇ ಗೋಣಿಚೀಲ ತಂದು ತೂತಿಗೆ ತುರುಕಿದಳು. ಅಣ್ಣ ಅದನ್ನು ಕಿತ್ತ. ಉಪಕಾರ ಮಾಡಲು ಬಂದರೆ ಹೀಗಾ ಎಂದು ಅಕ್ಕ ಮತ್ತೆ ತುರುಕಿದಳು. ಆ ಎಳೆದಾಟದಲ್ಲಿ ಚೀಲದೊಳಗಿದ್ದ ಹಿಟ್ಟು ಹಾರಿ ಮೇಷ್ಟ್ರ ಮೀಸೆಯ ಮೇಲೆ ಕೂತಿತು. ಈ ಗದ್ದಲ ಮುಗಿಯುವಷ್ಟರಲ್ಲಿ ಕನ್ನಡಿಯಂತಿದ್ದ ನೀರು ಹಸಿ ಸಿಮೆಂಟಿನಂತಾಗಿತ್ತು.

ಹೆಂಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಂದಳು. "ರೀ, ಬೀದಿಯವರೆಲ್ಲ ಇರೋಬರೋ ಸಾಮಾನು ಮಹಡಿಗೆ ಸಾಗಿಸಿಟ್ಟು ಬಂದಿದಾರೆ. ನಾನೇನು ಸಾಗಿಸಲಿ ಹೇಳಿ? ನಮ್ಮ ಮನೇದೆಲ್ಲ ಬಿಳಿ ಬಣ್ಣ ಬಳ್ಕೊಂಡು ಈ ಕಟ್ಟೆ ಮೇಲೇ ಕೂತಿದೆಯಲ್ಲ."

ಅಣ್ಣ ಹೋಗಿ, ಗುಂಪಿನಲ್ಲಿ ಹೆಮ್ಮೆಯಿಂದ ನಿಂತಿದ್ದ ಕ್ಷೌರದವನ ಮಫ್ಲರು ಹಿಡಿದು ಎಳೆದ. "ಯಾಕಯ್ಯಾ ಊರೆಲ್ಲಾ ಸಾರಿದೆ?"

"ನೀನೇ ಅಂದೆಯಲ್ಲಣ್ಣಾ, ಎಲ್ಲಾ ಕಡೆ ತಿಳಿದಿರಬೇಕು ಅಂತ. ಒಂದು ಮನೇನೂ ಬಿಟ್ಟಿಲ್ಲ ನಾನು. ಪುರಸಭೆ ಅಧ್ಯಕ್ಷರಿಗೂ ಹೇಳಿ ಕಳ್ಸಿದೀನಿ."

"ತಿಳಿದಿರಬೇಕು ಅಲ್ಲವೋ ಮಾರಾಯ, ತಿಳಿಯಾಗಿರಬೇಕು. ನೀರು ಕಣೋ, ನೀರು."

ಕ್ಷೌರದವನು ಕಿವಿಯ ಹತ್ತಿ ತೆಗೆದ. "ಈಗ ಹೇಳು," ಅಂದ.

ಸಂಜೆ ಇಂಜಿನಿಯರ್ ಮೇಡಂ ಬಂದರು. ಅವರ ಹಿಂದೆಯೇ, ಸುದ್ದಿ ಕೇಳಿ ಬೆವರುತ್ತಾ, ಪುರಸಭೆಯ ಅಧ್ಯಕ್ಷರೂ ಬಂದರು. ಮೇಡಂ ರಾಡಿಯನ್ನು ನೋಡಿ ಮುಖ ಗಂಭೀರ ಮಾಡಿದರು. ಅಧ್ಯಕ್ಷರಿಗೆ ಅಷ್ಟೇ ಸಾಕಾಯಿತು. ಇವತ್ತೇ ನೀರು ಬಿಡಿಸಿ ಕಟ್ಟೆ ಖಾಲಿ ಮಾಡಿಸಿಬಿಡೋಣ, ಜನರ ಜೀವ ದೊಡ್ಡದು ಎಂದರು. ಅಣ್ಣನ ಕಣ್ಣೆದುರು ಎರಡು ಹಂಸಗಳೂ ಒಣ ಕೆಸರಿನಲ್ಲಿ ಪೆಡಲು ತುಳಿಯತೊಡಗಿದವು.

ಇದು ಕಟ್ಟೆಯ ಬಗ್ಗಡವಲ್ಲ, ಇವರ ಕಾಲಿನ ಬಗ್ಗಡ, ಒಂದು ಗಳಿಗೆ ಎಲ್ಲರನ್ನೂ ದೂರ ನಿಲ್ಲಿಸಿ ನೋಡಿ ಎಂದು ಅವನು ಮೇಡಂ ಬಳಿ ಅಂಗಲಾಚಿದ. ಮೇಡಂ ಒಪ್ಪಿದರು. ಗುಂಪನ್ನು ಹಿಂದೆ ಸರಿಸಿ, ರಾಡಿ ಹರಿದುಹೋಗಲು ಸಣ್ಣ ಕಾಲುವೆ ತೆಗೆಸಿ, ಸುಮ್ಮನೆ ಕಾದರು. ಆಮೇಲೆ ಒಸರು ಹೊರಡುವ ಜಾಗಕ್ಕೇ ಒಂದು ಗಾಜಿನ ಲೋಟ ಹಿಡಿದು, ತುಂಬಿಸಿ, ಬೆಳಕಿಗೆ ಎತ್ತಿದರು. ಲೋಟದಲ್ಲಿ ನೀರಿದೆಯೋ ಇಲ್ಲವೋ ಎಂದು ಅನುಮಾನ ಬರುವಷ್ಟು ತಿಳಿಯಾಗಿತ್ತು.

"ಭಯವಿಲ್ಲ. ಕಟ್ಟೆ ಗಟ್ಟಿಯಾಗಿದೆ," ಅಂದರು ಮೇಡಂ. ಒಸರು ಹೆಚ್ಚಾಗುತ್ತದೆಯೋ ಎಂದು ಆಗಾಗ ನೋಡುತ್ತಿದ್ದರೆ ಸಾಕು ಎಂದರು.

ಅಧ್ಯಕ್ಷರ ಅನುಮಾನ ಮಾತ್ರ ಹೋಗಲಿಲ್ಲ. ನೀವು ಓದಿದವರು ಹಾಗಂತೀರಿ, ಆದರೂ ಖಾಲಿ ಮಾಡಿಸುವುದೇ ವಾಸಿ ಎಂದು ರಾಗ ಎಳೆದರು. ಕೈಗೆ ಬಂದದ್ದು ಬಾಯಿಗೆ ಬರದೆ ಹೋಗುತ್ತದೆಂದು ಅಣ್ಣ ಕಂಗಾಲಾದ. ಲೋಟ ಕಸಿದುಕೊಂಡು ಒಂದೇ ಉಸಿರಿಗೆ ಗಟಗಟ ಕುಡಿದುಬಿಟ್ಟ.

"ನೋಡಿ ಸ್ವಾಮಿ. ಇದರಲ್ಲಿ ಒಂದು ಸಾಸಿವೆಯಷ್ಟು ಮಣ್ಣಿದ್ರೆ ನನ್ನ ಗಂಟಲಿಗೆ ಗೊತ್ತಾಗ್ತಿರಲಿಲ್ವಾ? ಕಲ್ಲುಸಕ್ಕರೆ ಇದ್ದ ಹಾಗಿದೆ. ಇಂಥ ನೀರು ಈ ಊರಲ್ಲಿ ನಾನು ಹುಟ್ಟಿದಾಗಿನಿಂದ ಕುಡಿದಿಲ್ಲ."

ಗಿರಣಿಯ ಅಕ್ಕ ಮುಂದೆ ಬಂದು ಒಸರಿಗೆ ಲೋಟ ಒಡ್ಡಿ, ಕುಡಿದು, ತುಟಿ ಚಪ್ಪರಿಸಿದಳು. ನಮ್ಮನೆ ನಲ್ಲೀಲಿ ಬರೋದಕ್ಕೆ ಇದನ್ನ ತೋರ್ಸಿದ್ರೆ ಅದು ನಾಚಿಕೊಳ್ಳುತ್ತೆ ಎಂದಳು. ಮೇಷ್ಟ್ರೂ ಕುಡಿದರು. ಮೀಸೆಯ ಹಿಟ್ಟೂ ತೊಳೆದುಹೋಯಿತು. ಮೂರು ವರ್ಷದಿಂದ ಊರಿನ ನಲ್ಲಿಗಳಲ್ಲಿ ತುಕ್ಕು ಬಣ್ಣದ ನೀರು ಬರುತ್ತಿದ್ದು, ಹೋದಲ್ಲೆಲ್ಲ ಬೈಸಿಕೊಳ್ಳುತ್ತಿದ್ದ ಅಧ್ಯಕ್ಷರು ಕೊನೆಗೆ ತಾವೂ ಒಂದು ಗುಟುಕು ಕುಡಿದರು. ಅವರ ಮುಖ ಮೆಲ್ಲನೆ ಅರಳಿತು. ಅಣ್ಣನ ಮುಖವೂ ಅರಳಿತು. ಇಬ್ಬರೂ ಅರಳಿದ್ದು ಬೇರೆ ಬೇರೆ ಕಾರಣಕ್ಕೆ.

"ಮೇಡಂ, ಈ ಕಟ್ಟೆ ಖಾಲಿ ಮಾಡಿಸೋ ಮಾತೇ ಬೇಡ," ಅಂದರು ಅಧ್ಯಕ್ಷರು. "ನೀರು ಪರೀಕ್ಷೆ ಮಾಡಿಸಿ. ಸರಿ ಇದ್ರೆ ಇನ್ಮೇಲೆ ಊರಿಗೆಲ್ಲ ಕುಡಿಯೋಕೆ ಇಲ್ಲಿಂದಲೇ."

ಜನ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವನು ಪಂಕ್ಚರ್ ಅಣ್ಣ. ಆ ಸಂಭ್ರಮದಲ್ಲೇ ಮೇಡಂ ಹತ್ತಿರ ಹೋಗಿ, ಹಾಗಾದರೆ ದೋಣಿ ನಾಳೆಯೇ ಇಳಿಸಲೇ ಎಂದು ಕೇಳಿದ.

ಮೇಡಂ ಅವನನ್ನು ಅಯ್ಯೋ ಎಂಬಂತೆ ನೋಡಿದರು. "ಕಟ್ಟೆ ಗಟ್ಟಿ ಇದೆಯಪ್ಪಾ, ದೋಣಿಗೆ ಸಹಿ ಹಾಕೋಣ ಅಂತಲೇ ಪೆನ್ನು ತೆಗೆದಿದ್ದೆ. ಆದರೆ ಕುಡಿಯೋ ನೀರಿನಲ್ಲಿ ದೋಣಿ ಬಿಡೋ ಹಾಗಿಲ್ಲ. ಗಾಳ ಹಾಕೋ ಹಾಗಿಲ್ಲ, ಕಾಲು ಅದ್ದೋ ಹಾಗೂ ಇಲ್ಲ. ಏರಿ ಮೇಲೆ ನಡೆದಾಡಬಹುದು, ಅಷ್ಟೇ."

ಮುಂದಿನ ವಾರ ಪರೀಕ್ಷೆಯಲ್ಲಿ ನೀರು ಪಾಸಾಯಿತು. ಅಷ್ಟು ಕಾಳಜಿಯಿಂದ ಒಸರು ಕಾದವನೆಂದು ಪುರಸಭೆಯವರು ಅಣ್ಣನಿಗೆ ಒಂದು ಸೀಟಿ ಕೊಟ್ಟು, ಸಂಬಳವಿಲ್ಲದ ಕಾವಲಿಗೆ ನೇಮಿಸಿದರು. ಯಾರೂ ದೋಣಿ ಇಳಿಸದಂತೆ ನೋಡಿಕೊಳ್ಳುವುದು ಅವನ ಕೆಲಸ. ಊರಿಗೆ ಒಳ್ಳೆಯ ನೀರು ಬಂತು. ಅಣ್ಣನ ಮನೆಗೂ ಬಂತು. ದೋಣಿಗಳು ಮತ್ತೆ ಗುಜರಿಗೆ ಹೋದವು.