ಒಣ ಬಣ್ಣ, ಒಪ್ಪದ ಜನ

ನನ್ನ ಶೆಡ್ಡಿಗೆ ಬರೋರು ಬರೀ ಗೇಟು ತರಲ್ಲ, ಜೊತೆಗೆ ಒಂದು ಅನುಮಾನಾನೂ ಹೇರ್ಕಂಡು ಬರ್ತಾರೆ. ಗೇಟಿಗೆ ಬಣ್ಣ ಹಾಕೋದು ಅರ್ಧ ದಿನದ ಕೆಲಸ, ಅನುಮಾನ ಇಳಿಸೋದಕ್ಕೆ ಮಾತ್ರ ಇಷ್ಟೇ ದಿನ ಅಂತಿಲ್ಲ.

ಚಿತ್ರದುರ್ಗದಿಂದ ಹೊಳಲ್ಕೆರೆ ಕಡೆ ಹೋಗೋ ರಸ್ತೆಯಲ್ಲಿ, ನಮ್ಮ ಮಾವನವರ ಹಳೇ ಶೆಡ್ಡಿನಲ್ಲಿ ನಾನು ಪೌಡರ್ ಕೋಟಿಂಗ್ ಮಾಡ್ತೀನಿ. ಬ್ರಶ್ಶಿಲ್ಲ, ಎಣ್ಣೆಯಿಲ್ಲ. ಬಣ್ಣದ ಒಣ ಪುಡಿಗೆ ಸ್ಪ್ರೇ ಗನ್ನಿನಲ್ಲಿ ಕರೆಂಟಿನ ಚಾರ್ಜ್ ಕೊಟ್ಟು ಊದ್ತೀನಿ. ಗೇಟಿಗೆ ನೆಲಕ್ಕೆ ಇಳಿದಿರೋ ಅರ್ಥಿಂಗ್ ವೈರು ಸಿಕ್ಕಿಸಿರ್ತೀನಿ. ಪುಡಿ ತಾನಾಗೇ ಹೋಗಿ ಗೇಟಿಗೆ ಅಂಟ್ಕಂಡು ಕೂರುತ್ತೆ. ಆಮೇಲೆ ದೊಡ್ಡ ಒಲೆಯಲ್ಲಿಟ್ಟು ಬೇಯಿಸಿದ್ರೆ ಕರಗಿ ಗಟ್ಟಿಯಾಗುತ್ತೆ. ಇಷ್ಟೇ. ಈ ಇಷ್ಟನ್ನ ಒಪ್ಪಿಸೋದಕ್ಕೆ ನಾನು ಪಟ್ಟ ಪಾಡು ಕೇಳ್ರಿ.

೧. ಬಾಚಣಿಗೆ

ಮೊದಲ ಅನುಮಾನ ಮನೆಯಲ್ಲೇ ಹುಟ್ಟಿತು. ಶೆಡ್ಡು ಕೊಡುವಾಗಲೇ ಮಾವ ಷರತ್ತು ಹಾಕಿದ್ರು. ಹೊಸ ಈರುಳ್ಳಿ ಕೀಳೋ ಹೊತ್ತಿಗೆ ಈ ಕೆಲಸದ ಮೇಲೆ ಅವರಿಗೆ ನಂಬಿಕೆ ಬರಬೇಕು, ಇಲ್ಲಾಂದ್ರೆ ಶೆಡ್ಡು ಈರುಳ್ಳಿ ತುಂಬೋದಕ್ಕೆ. ನಾನೂ ಹಟಮಾರಿ. "ಆಯ್ತು ಮಾವಾ, ನೋಡೇಬಿಡಾಣ," ಅಂದೆ.

"ನೀರಿಲ್ದೆ ಎಣ್ಣೆಯಿಲ್ದೆ ಬಣ್ಣ ಹೆಂಗವ್ವಾ ಹತ್ತುತ್ತೆ?" ಅಂದ್ರು.

ತೋರಿಸ್ತೀನಿ ಅಂತ ಪ್ಲಾಸ್ಟಿಕ್ ಬಾಚಣಿಗೆ ತಗಂಡೆ. ತಲೆಗೆ ಉಜ್ಜಾಣ ಅಂದ್ರೆ ಮಾವನ ತಲೆ ಬೋಳು, ನನ್ನ ತಲೆಗೆ ಆಗತಾನೇ ಕೊಬ್ಬರಿ ಎಣ್ಣೆ ಬಿದ್ದಿತ್ತು. ಕೊನೆಗೆ ಅವರು ಹೊದ್ದಿದ್ದ ಕಂಬಳಿಗೇ ಗಸಗಸ ಉಜ್ಜಿ, ಪೇಪರ್ ಚೂರುಗಳ ಮೇಲೆ ಹಿಡಿದೆ. ಚೂರುಗಳು ಪಟಪಟ ಎದ್ದು ಬಾಚಣಿಗೆಗೆ ಅಂಟಿದವು.

"ನೋಡಿದ್ರಾ? ಉಜ್ಜಿದಾಗ ಚಾರ್ಜ್ ಹುಟ್ಟುತ್ತೆ, ಹಗುರಾಗಿರೋದನ್ನ ಎಳ್ಕಳ್ಳುತ್ತೆ. ನಂದೂ ಇದೇ ಕೆಲಸ."

ಮಾವ ಕನ್ನಡಕ ಹಾಕ್ಕಂಡು ಬಹಳ ಹೊತ್ತು ನೋಡಿದ್ರು. "ದಿಟ ಕಣವ್ವಾ, ಹತ್ತೈತೆ. ಈಗ ಊರೋರ ಗೇಟಿಗೆಲ್ಲ ಕಾಗದ ಅಂಟಿಸ್ತೀಯೇನು?"

೨. ಟೆಸ್ಟರು

ಮದಕರಿಪುರದ ರೈತರೊಬ್ಬರು ಗೇಟು ಬಿಟ್ಟು ಹೋದ್ರು. ತಗಂಡು ಹೋಗೋಕೆ ಬಂದಾಗ ಜೊತೆಗೆ ಭಾಮೈದನನ್ನೂ ಕರ್ಕಂಡು ಬಂದಿದ್ರು. ಗೇಟು ಮಿರಮಿರ ಹೊಳೀತಿತ್ತು. ಆದರೆ ಇಬ್ಬರೂ ಮಾರು ದೂರದಲ್ಲೇ ನಿಂತ್ರು.

"ಅಮ್ಮಾ, ಇದಕ್ಕೆ ಕರೆಂಟು ಹಿಡಿಸಿದ್ರಲ್ಲ, ಅದು ಪೂರ್ತಿ ಇಳಿದೈತಾ? ನಮ್ಮ ಎಮ್ಮೆ ದಿನಾ ಗೇಟಿಗೆ ಮೈ ತಿಕ್ಕುತ್ತೆ."

"ಅದು ಪುಡಿ ಅಂಟೋವರೆಗೆ ಮಾತ್ರ ರೀ. ಒಲೆಗೆ ಹೋಗಿ ಬಂದ ಮೇಲೆ ಇದು ಬರೀ ಗೇಟು," ಅಂತ ನಾನು ಗೇಟನ್ನ ತಬ್ಬಿಕೊಂಡು ತೋರಿಸಿದೆ.

"ನಿಮಗೆ ರೂಢಿಯಾಗೈತೆ," ಅಂದ್ರು. ಜೇಬಿಂದ ಟೆಸ್ಟರು ತೆಗೆದು ದೂರದಿಂದಲೇ ಕೈ ಚಾಚಿ ಚುಚ್ಚಿದ್ರು. ದೀಪ ಹತ್ತಲಿಲ್ಲ. "ಟೆಸ್ಟರ್ ಕೆಟ್ಟಿರಬೇಕು," ಅಂತ ಒಳಗಿಟ್ಟು, ಭಾಮೈದನ ಕಡೆ ತಿರುಗಿದ್ರು. "ನೀನು ಮುಟ್ಟಪ್ಪ."

ಪಾಪ, ಭಾಮೈದ ಕಣ್ಣು ಮುಚ್ಚಿ, ಮನೆದೇವರನ್ನ ನೆನೆದು ಮುಟ್ಟಿದ. ಏನೂ ಆಗಲಿಲ್ಲ. ಎರಡೂ ಕೈಯಲ್ಲಿ ಹಿಡಿದ. ಆಗಲೂ ಏನಿಲ್ಲ.

"ಏನೂ ಆಗ್ಲಿಲ್ವಾ?" ಅಂತ ಭಾವ ಕೇಳಿದ್ರು. ದನಿಯಲ್ಲಿ ಸ್ವಲ್ಪ ಬೇಜಾರೇ ಇತ್ತು.

೩. ಯಜಮಾನ್ರು

ಹೊಸದುರ್ಗದಿಂದ ಒಬ್ಬ ಕಂಟ್ರಾಕ್ಟರು ಕಿಟಕಿ ಗ್ರಿಲ್ ತಂದ್ರು. ನಾನು ಪುಡಿ ಊದಿ ಮುಗಿಸಿ ಒಲೆ ಕಾಯಲಿ ಅಂತ ಕಾಯ್ತಿದ್ದೆ. ಅವರು ಸುಮ್ಮನಿರಲಾರದೆ ಗ್ರಿಲ್ ಮೇಲೆ ಬೆರಳು ಎಳೆದ್ರು. ಬೇಯದ ಪುಡಿ, ಬೆರಳಿಗೆ ಬರದೆ ಏನಾಗುತ್ತೆ?

"ಇದೇನಮ್ಮ, ಕೈಗೇ ಬರ್ತೈತೆ! ಮೋಸ ಇದು. ಯಜಮಾನ್ರನ್ನ ಕರೀರಿ."

"ನಾನೇ ಯಜಮಾನಿ. ಹಸಿ ಹಿಟ್ಟು ನೆಕ್ಕಿ ರೊಟ್ಟಿ ಚೆನ್ನಾಗಿಲ್ಲ ಅಂತೀರಲ್ಲ, ಬೇಯೋವರೆಗೂ ತಡ್ಕಳ್ರಿ."

"ನಿಮ್ಮ ಹತ್ರ ಏನು ಮಾತು? ಗಂಡಸರು ಯಾರಾದ್ರೂ ಇದ್ರೆ ಕರೀರಿ."

ಮೈಯೆಲ್ಲ ಉರಿದೋಯ್ತು. ಆದರೂ ಕರೆದೆ. ನಮ್ಮೆಜಮಾನ್ರು ಬಸ್ ಕಂಡಕ್ಟರು, ಅವತ್ತು ರಜಾ. ಶೆಡ್ಡಿನ ಹಿಂದಿರೋ ನಮ್ಮನೆ ಅಡುಗೆಮನೆಯಿಂದ ಕೈ ಒರೆಸ್ಕಂತಾ ಬಂದ್ರು. ಕಂಟ್ರಾಕ್ಟರು ಬೆರಳು ತೋರಿಸಿ, "ನೋಡ್ರಿ, ಮುಟ್ಟಿದ್ರೆ ಕೈಗೆ ಬರ್ತೈತೆ," ಅಂದ್ರು.

ನಮ್ಮೆಜಮಾನ್ರ ಮುಖ ಬಿಳಿಚಿಕೊಂಡಿತು. "ಅದನ್ನ ಮುಟ್ಟಿದ್ರಾ? ನಾನು ಒಂದ್ಸಲ ಮುಟ್ಟಿ, ಇವಳ ಸಿಟ್ಟಿಗೆ ಎರಡು ದಿನ ಹೋಟ್ಲಲ್ಲಿ ಉಂಡಿದೀನಿ. ಬೇಗ ಹೊರಗೆ ಬರ್ರಿ!"

೪. ಅದೇ ಕಸುಬು

ಹೊಳಲ್ಕೆರೆಯಲ್ಲಿ ಜೆರಾಕ್ಸ್ ಮಾಡಿಸೋಕೆ ಹೋಗಿದ್ದೆ. ಕಾಗದ ಒಂದಕ್ಕೊಂದು ಅಂಟ್ಕಂಡು ಬರ್ತಿದ್ವು. ಅಂಗಡಿಯವರು ಮಿಷನ್ನಿಗೆ ಆಗಲೇ ನಿಂಬೆಹಣ್ಣು ಕಟ್ಟಿದ್ರು. "ಯಾರದೋ ಕಣ್ಣು ಬಿದ್ದೈತಮ್ಮ," ಅಂದ್ರು.

ನನಗೆ ತಡೆಯೋಕೆ ಆಗಲಿಲ್ಲ. "ಕಣ್ಣೂ ಇಲ್ಲ ಮಣ್ಣೂ ಇಲ್ಲ. ಒಣ ಹವೆಗೆ ಕಾಗದದಲ್ಲಿ ಚಾರ್ಜ್ ಉಳ್ಕಂಡೈತೆ. ನಿಮ್ಮ ಮಿಷನ್ನು ನಡೆಯೋದೇ ಅದರಿಂದ ರೀ. ಒಳಗಿರೋ ಡ್ರಮ್ಮಿನಲ್ಲಿ ಅಕ್ಷರ ಇರೋ ಕಡೆ ಮಾತ್ರ ಚಾರ್ಜ್ ನಿಲ್ಲುತ್ತೆ, ಕರಿ ಪುಡಿ ಅಲ್ಲಿಗೇ ಅಂಟುತ್ತೆ, ಆಮೇಲೆ ಶಾಖಕ್ಕೆ ಕಾಗದದ ಮೇಲೆ ಕರಗಿ ಕೂರುತ್ತೆ. ನಾನು ಗೇಟಿಗೆ ಮಾಡೋದೂ ಅದೇ. ನಾವಿಬ್ಬರೂ ಒಂದೇ ಕಸುಬಿನೋರು."

ಅಂಗಡಿಯವರು ಅರ್ಥವಾದವರ ಹಾಗೆ ತಲೆಯಾಡಿಸಿದ್ರು. ಅಂತೂ ಒಬ್ಬರಾದ್ರೂ ನಂಬಿದ್ರಲ್ಲ ಅಂತ ನನಗೆ ಖುಷಿ. ಅವರು ಹತ್ತಿರ ಬಂದು ಮೆಲ್ಲಗೆ ಕೇಳಿದ್ರು: "ಹಂಗಾದ್ರೆ ನಿಮ್ಮಲ್ಲಿ ಒಂದು ಗೇಟು ಹಾಕಿದ್ರೆ ಎರಡು ಬರ್ತವೇನ್ರಿ?"

೫. ಹಿಂದುಗಡೆ

ಈರುಳ್ಳಿ ಕೀಳೋ ಕಾಲ ಬಂದೇಬಿಟ್ಟಿತು. ಒಂದು ಬೆಳಿಗ್ಗೆ ಮಾವ ಹಿರಿಯೂರಿನ ಈರುಳ್ಳಿ ಸಾಹುಕಾರರನ್ನ ಶೆಡ್ಡಿಗೇ ಕರ್ಕಂಡು ಬಂದ್ರು. ಬಿಳಿ ಪಂಚೆ, ಬಿಳಿ ಅಂಗಿ, ಗರಿಗರಿ ಇಸ್ತ್ರಿ. ನನ್ನ ಕಡೆ ನೋಡದೆ ಹೆಜ್ಜೆ ಹಾಕಿ ಜಾಗ ಅಳೆಯೋಕೆ ಶುರು ಮಾಡಿದ್ರು. "ಇಲ್ಲೊಂದು ರಾಶಿ, ಅಲ್ಲೊಂದು ರಾಶಿ. ಈ ಒಲೆ ಕಿತ್ತು ಬಿಸಾಕಿದ್ರೆ ಇನ್ನೊಂದು ರಾಶಿ."

ನನ್ನ ಒಲೆ! ಕಣ್ಣಲ್ಲಿ ನೀರು ಬಂತು, ಅದಕ್ಕಿಂತ ಬೇಗ ಸಿಟ್ಟು ಬಂತು. "ಕೆಲಸ ನೋಡ್ರಿ ಮೊದ್ಲು, ಆಮೇಲೆ ಅಳೀರಿ," ಅಂತ ಮಾಸ್ಕ್ ಏರಿಸಿ, ತೂಗುಹಾಕಿದ್ದ ಗೇಟಿನ ಮುಂದೆ ನಿಂತು ಗನ್ನು ತಗಂಡೆ. ಅವತ್ತು ಗಿಳಿಹಸಿರು ಬಣ್ಣ.

ಸಾಹುಕಾರರು ನಕ್ಕರು. "ನಿಮ್ಮ ಸೊಸೆ ಊದೋದು ಮುಂದುಗಡೆ. ಹಿಂದುಗಡೆ ಹೆಂಗೆ ಹತ್ತುತ್ತೆ? ಬೂದಿ ಊದೋ ಆಟ ಇದು."

ಮಾವ, "ಹೌದಲ್ಲವ್ವಾ?" ಅಂತ ನನ್ನ ಮುಖ ನೋಡಿದ್ರು.

"ಚಾರ್ಜ್ ಆದ ಪುಡಿ ಸುತ್ತಿ ಬಳಸ್ಕಂಡು ಹಿಂದಕ್ಕೂ ಹೋಗುತ್ತೆ ಮಾವಾ. ಸಾಹುಕಾರ್ರೇ, ದೂರ ನಿಂತ್ಕಳ್ರಿ."

"ನನಗೇ ಹೇಳ್ತೀಯೇನಮ್ಮ?" ಅಂತ ಅವರು ಸೀದಾ ಹೋಗಿ ಗೇಟಿನ ಸರಳನ್ನ ಗಟ್ಟಿಯಾಗಿ ಹಿಡ್ಕಂಡು ನಿಂತ್ರು. "ಊದು ನೋಡಾಣ!"

ಊದಿದೆ.

ಅರ್ಥಿಂಗ್ ಆಗಿರೋ ಗೇಟನ್ನ ಹಿಡ್ಕಂಡ ಮನುಷ್ಯನೂ ಗೇಟೇ. ಪುಡಿಗೆ ಸಾಹುಕಾರ, ಸರಳು ಅನ್ನೋ ಭೇದ ಇಲ್ಲ. ಟ್ರಿಗರ್ ಬಿಡೋದು ಸ್ವಲ್ಪ ತಡವಾಯ್ತು, ಅದನ್ನ ಒಪ್ಕಳ್ತೀನಿ. ಅಷ್ಟರಲ್ಲಿ ಮೀಸೆ ಹಸಿರು, ಹುಬ್ಬು ಹಸಿರು, ಪಂಚೆಯ ಅಂಚಿನವರೆಗೂ ಹಸಿರು.

"ಇದು ಹೋಗುತ್ತಾ?" ಅಂತ ಕಿರುಚಿದ್ರು.

"ಬೇಯಿಸೋವರೆಗೂ ಹೋಗುತ್ತೆ. ಒಲೆ ಕಾದೈತೆ," ಅಂದೆ. ಅವರು ಒಲೆಯಿಂದ ಎರಡು ಮಾರು ಆಚೆ ಹಾರಿದ್ರು.

ಶೆಡ್ಡು ಹೋಯ್ತು ಅನ್ಕಂಡೆ. ಕರ್ಕಂಡು ಬಂದ ದೊಡ್ಡ ಮನುಷ್ಯನಿಗೇ ಬಣ್ಣ ಹೊಡೆದ ಸೊಸೆಯನ್ನ ಯಾವ ಮಾವ ಸೈರಿಸ್ತಾನೆ? ಹೋದ್ರೆ ಹೋಗ್ಲಿ, ತಪ್ಪಾಯ್ತು ಅಂತ ಮಾತ್ರ ಹೇಳಲ್ಲ ಅಂತ ಗನ್ನು ಹಿಡ್ಕಂಡೇ ನಿಂತೆ.

ಮಾವ ಕನ್ನಡಕ ಏರಿಸಿ, ಸಾಹುಕಾರರ ಸುತ್ತ ನಿಧಾನಕ್ಕೆ ಒಂದು ಸುತ್ತು ಬಂದು, ಅವರ ಬೆನ್ನ ಹಿಂದೆ ನಿಂತ್ರು. ಅಂಗಿಯ ಮೇಲೆ ಬೆರಳು ಎಳೆದು ಬೆಳಕಿಗೆ ಹಿಡಿದು ನೋಡಿದ್ರು.

"ಎಲಾ ಇವನ! ಹಿಂದುಗಡೆನೂ ಹತ್ತೈತಲ್ಲವ್ವಾ!"

ಆಮೇಲೆ ಸಾಹುಕಾರರ ಹೆಗಲು ಕೊಡವುತ್ತಾ ಬಲು ಮರ್ಯಾದೆಯಿಂದ ಹೇಳಿದ್ರು: "ನಿಮ್ಮ ಈರುಳ್ಳಿಗೆ ಬೇರೆ ಶೆಡ್ಡು ನೋಡ್ಕಳ್ರಿ ಸಾಹುಕಾರ್ರೇ. ಇಲ್ಲಿಟ್ರೆ ನನ್ನ ಸೊಸೆ ಅದಕ್ಕೂ ಬಣ್ಣ ಹಾಕಿ ಬೇಯಿಸಿಬಿಡ್ತಾಳೆ."