ಸಾಹೇಬರಿಗೆ ಮಡಿಲು ತುಂಬಿದ್ದು

ನಮ್ಮ ದುರುಗೇಶ್ ಮೇಷ್ಟ್ರು ಪರಿಸರ ಪಾಠ ಶುರು ಮಾಡಿದರೆ ತುಂಗಭದ್ರೆ ಹರಿಯುವುದನ್ನು ನಿಲ್ಲಿಸಿ ಶಾಲೆಯ ಕಿಟಕಿಗೆ ಕಿವಿ ಹಚ್ಚುತ್ತಾಳೆ. ಒಮ್ಮೆ ಪಾಠ ತುಸು ಉದ್ದವಾಗಿ, ಹೊನ್ನಾಳಿ ಸೇತುವೆಯ ಕೆಳಗೆ ನೀರೇ ಇಲ್ಲದಂತಾಗಿ, ಮೀನುಗಳು ದಡಕ್ಕೆ ಬಂದು ಶಿವಮೊಗ್ಗದ ಬಸ್ಸಿಗೆ ಕಾದಿದ್ದವು. ನಂಬದವರು ಮೀನುಗಳನ್ನೇ ಕೇಳಬಹುದು. ಈ ಶಾಲೆಗೆ ಇರುವುದು ಇಬ್ಬರೇ ಮೇಷ್ಟ್ರು. ಇನ್ನೊಬ್ಬ ನಾನು, ಮಾಲತೇಶ್. ನನ್ನದು ಗಣಿತ. ಗಣಿತದವರು ಎಲ್ಲಾದರೂ ಹೆಚ್ಚು ಕಡಿಮೆ ಹೇಳುವುದುಂಟೇ?

ಎಲ್ಲ ಪಜೀತಿಗೂ ಮೂಲ ಒಂದು ಸುತ್ತೋಲೆ. ಪಾಠವನ್ನು ಊರಿನ ಪರಿಸರ, ಊರಿನ ಸಂಸ್ಕೃತಿ ಎರಡರ ಜೊತೆಗೂ ಬೆಸೆದು ಕಲಿಸಬೇಕು, ಮಾದರಿ ಪಾಠ ನೋಡಲು ಜಿಲ್ಲೆಯಿಂದ ಪರಶುರಾಮ್ ಸಾಹೇಬರು ಬರುತ್ತಾರೆ ಎಂದು ಅದರಲ್ಲಿತ್ತು. ಅದನ್ನು ಓದಿ ದುರುಗೇಶ್ ಕುರ್ಚಿಯಿಂದ ಎದ್ದು ನಿಂತ. ಕಾರಣ, ತನ್ನೂರ ಹತ್ತಿರದ ಶಾಲೆಗೆ ನಿಯೋಜನೆ ಕೇಳಿ ಅವನು ಹಾಕಿದ್ದ ಅರ್ಜಿ ಇದ್ದದ್ದು ಅದೇ ಪರಶುರಾಮ್ ಸಾಹೇಬರ ಬಳಿ.

ದುರುಗೇಶನ ಊರು ಜಗಳೂರು ಕಡೆಯ ಸೊಕ್ಕೆ. ಹೆಂಡತಿ ರಕ್ಷಾ ಜಗಳೂರಿನಲ್ಲಿ ನರ್ಸು. ನಮ್ಮ ಶಾಲೆಯೋ ನ್ಯಾಮತಿ ತಾಲ್ಲೂಕಿನ ಗೋವಿನಕೋವಿ ದಾಟಿ, ಕಾಲುವೆ ಏರಿಯ ಮೇಲೆ ಹೋದರೆ ಸಿಗುವ ಸಣ್ಣೂರಿನದು. ಮದುವೆಯಾದಾಗಿನಿಂದ ಗಂಡಹೆಂಡತಿ ಒಟ್ಟಿಗೆ ಕೂತು ಉಂಡದ್ದಕ್ಕಿಂತ ಬಸ್‌ಸ್ಟ್ಯಾಂಡಿನಲ್ಲಿ ಕೈ ಬೀಸಿದ್ದೇ ಹೆಚ್ಚು. ಸೊಕ್ಕೆ ಹತ್ತಿರದ ಯಾವುದಾದರೂ ಶಾಲೆಗೆ ಹಾಕಿಕೊಟ್ಟರೆ ಸಾಕು ಎಂದು ಅವನು ದೇವರಿಗೂ ಇಲಾಖೆಗೂ ಒಟ್ಟೊಟ್ಟಿಗೆ ಕೈಮುಗಿಯುತ್ತಿದ್ದ.

"ಪಾಠ ಚಂದಾಗಿ ಆದ್ರೆ ಸಾಹೇಬ್ರು ಖುಷಿಯಾಗಿ ಸಹಿ ಹಾಕ್ತಾರೆ ಸಾರ್," ಎಂದ.

"ಗೋಡೆಗೆ ಒಂದು ಹುಲಿ ಚಿತ್ರ ಅಂಟ್ಸು, ಪಕ್ಕದಾಗೆ ಒಂದು ಡೊಳ್ಳಿನ ಚಿತ್ರ. ಪರಿಸರಾನೂ ಆತು, ಸಂಸ್ಕೃತೀನೂ ಆತು," ಎಂದೆ ನಾನು.

"ನಮ್ಮ ಹುಡುಗ್ರು ಪೆಂಗ್ವಿನ್ ಏನು ತಿಂತೈತೆ ಅಂತ ಪಟಪಟ ಹೇಳ್ತಾರೆ ಸಾರ್. ತಮ್ಮ ಗದ್ದೆ ಬದುವಿನ ಸೊಪ್ಪಿನ ಹೆಸರು ಕೇಳಿದ್ರೆ ಮುಗಿಲು ನೋಡ್ತಾರೆ. ಪಾಠ ಗದ್ದೆಯಾಗೇ ಮಾಡಾನ. ಭೂಮಿ ಹುಣ್ಣಿಮೆ ದಿವ್ಸಾನೇ."

ಭೂಮಿ ಹುಣ್ಣಿಮೆ ಎಂದರೆ ನಮ್ಮ ಕಡೆ ಹೊಲಕ್ಕೆ ಸೀಮಂತ. ಭತ್ತದ ಒಡಲಲ್ಲಿ ತೆನೆ ಕೂತು ಹೊಡೆಗೆ ಬಂದಿರುತ್ತದೆ, ಅಂದರೆ ಭೂಮಿತಾಯಿ ತುಂಬಿದ ಬಸುರಿ. ಅವಳ ಬಯಕೆ ತೀರಿಸಲು ಹೆಂಗಸರು ಕಡುಬು, ಹೋಳಿಗೆ, ಬುತ್ತಿ ಅನ್ನ, ಬದುವಿನ ಹತ್ತಾರು ಸೊಪ್ಪು ಕೂಡಿಸಿದ ಬೆರಕೆ ಪಲ್ಯ ಎಲ್ಲ ಮಾಡಿ, ಕೆಮ್ಮಣ್ಣು ಬಳಿದು ಬಿಳಿ ಚಿತ್ತಾರ ಬರೆದ ಬುಟ್ಟಿಯಲ್ಲಿ ಹೊಲಕ್ಕೆ ಒಯ್ಯುತ್ತಾರೆ. ಅದನ್ನು ಗದ್ದೆಯ ತುಂಬ ಚೆಲ್ಲುವುದೇ ಚರಗ. ಭೂಮಿ ಉಣ್ಣುವ ತನಕ ಅದರಲ್ಲಿ ಒಂದು ಅಗುಳನ್ನೂ ಯಾರೂ ಬಾಯಿಗೆ ಹಾಕುವಂತಿಲ್ಲ. ದುರುಗೇಶನ ಉಪಾಯ ಏನೆಂದರೆ, ಚೆಲ್ಲಿದ ಚರಗ ತಿನ್ನಲು ಯಾವ ಹಕ್ಕಿ, ಯಾವ ಹುಳ, ಯಾವ ಇರುವೆ ಬರುತ್ತವೆ ಎಂದು ಮಕ್ಕಳು ನೋಡಬೇಕು. ಅಲ್ಲಿಂದಲೇ ಆಹಾರ ಸರಪಳಿಯ ಪಾಠ.

ಶಾಲಾ ಸಮಿತಿಯ ಅಧ್ಯಕ್ಷೆ ಲಕ್ಷ್ಮಮ್ಮ ಕೇಳಿದ್ದೇ ತಡ, ತನ್ನ ಗದ್ದೆಯನ್ನೇ ಬಿಟ್ಟುಕೊಟ್ಟಳು. "ನನ್ನ ಗದ್ದಿ ಪಾಠ ಆಗತೈತೆ ಅಂದ್ರೆ ಬ್ಯಾಡ ಅಂತೀನಾ ಮೇಷ್ಟ್ರೇ? ಊರೋರೆಲ್ಲ ಬೆಳಕು ಹರಿಯೋಕೆ ಮುಂಚೆ ಚೆಲ್ಲಲಿ, ನಮ್ಮ ಚರಗ ನಿಮ್ಮ ಹುಡುಗ್ರು ಬರೋಗಂಟ ಕಾಯ್ಲಿ ಬಿಡ್ರಿ."

ಅವಳ ಗಂಡ ಹಾಲೇಶಪ್ಪನಿಗೆ ಮಾತ್ರ ಇಷ್ಟು ಸಾಲಲಿಲ್ಲ. ಸಾಹೇಬರು ಬರುತ್ತಾರೆಂದರೆ ಮೈಕು ಇಲ್ಲದೆ ಹೇಗೆ? ಹುಣ್ಣಿಮೆಯ ಬೆಳಿಗ್ಗೆ ನಾವು ಮಕ್ಕಳನ್ನು ಸಾಲಾಗಿ ಕರೆದೊಯ್ದಾಗ, ಬದುವಿನ ಜಾಲಿ ಮರಕ್ಕೆ ಎರಡು ಹಾರ್ನ್ ಕಟ್ಟಿಸಿ ಹಾಲೇಶಪ್ಪ, "ಹಲೋ, ಹಲೋ, ಹಕ್ಕಿಗಳು ದಯವಿಟ್ಟು ಹತ್ತಿರ ಬರಬೇಕು," ಎಂದು ಕೂಗುತ್ತಿದ್ದ. ಅವನ ದನಿಗೆ ನ್ಯಾಮತಿ ತಾಲ್ಲೂಕಿನ ಕಟ್ಟಕಡೆಯ ಗುಬ್ಬಿಯೂ ಎದ್ದು ಚನ್ನಗಿರಿ ಕಡೆ ಹಾರಿಹೋಯಿತು.

"ಗೌಡ್ರೇ, ಮೈಕು ಬಂದ್ ಮಾಡ್ರಿ! ಹಕ್ಕಿ ಬರದಿದ್ರೆ ನನ್ನ ಪಾಠ ಹೆಂಗೆ ಆಗತೈತೆ?" ದುರುಗೇಶ್ ಗೋಗರೆದ.

"ಕರೀದೆ ಯಾರು ಬರ್ತಾರ್ರೀ ಮೇಷ್ಟ್ರೇ? ಮರ್ಯಾದಿ ಬ್ಯಾಡ್ವಾ?"

ಆ ಗದ್ದಲದಲ್ಲಿ ಮಕ್ಕಳಿಗೊಂದು ಏಡಿ ಕಂಡಿತು. ಏಡಿ ಎಂದರೆ ಏನು, ಮರದ ಗಾಣದಷ್ಟಿತ್ತು! ಎಲ್ಲರೂ ಗದ್ದೆಯ ಆ ಮೂಲೆಗೆ ಓಡಿದರು. ಹಿಡಿಯಲು ಬಗ್ಗಿದ ದುರುಗೇಶ್ ಕೆಸರಿಗೆ ಬಿದ್ದ. ಎತ್ತಲು ಹೋದ ಹಾಲೇಶಪ್ಪನೂ ಬಿದ್ದ. ಇಬ್ಬರೂ ಎಮ್ಮೆಗಳಂತೆ ಎದ್ದು ತಿರುಗಿ ನೋಡಿದರೆ, ಮರದ ನೆರಳಲ್ಲಿ ಸಾಹೇಬರ ಜೀಪು ನಿಂತಿತ್ತು.

ಪಾಪ, ಪರಶುರಾಮ್ ಸಾಹೇಬರು ದಾವಣಗೆರೆಯಿಂದ ಖಾಲಿ ಹೊಟ್ಟೆಯಲ್ಲಿ ಹೊರಟಿದ್ದರು. ತಪಾಸಣೆಗೆ ಹೋದಲ್ಲೆಲ್ಲ ಮೊದಲು ತಿಂಡಿ, ಆಮೇಲೆ ಹಾಜರಿ ಪುಸ್ತಕ ಎನ್ನುವುದು ಅವರಿಗೆ ರೂಢಿ. ಇಲ್ಲಿ ನೋಡಿದರೆ ಬದುವಿನ ಮೇಲೆ ಚಂದದ ಬುಟ್ಟಿ, ಬಾಳೆಯೆಲೆ ಮುಚ್ಚಿದೆ, ಹೋಳಿಗೆ ಘಮಘಮ. ಪಕ್ಕದಲ್ಲಿ ಚೊಂಬು ನೀರು ಬೇರೆ. ತಮಗಲ್ಲದೆ ಇನ್ನಾರಿಗೆ? ನಾವು ಓಡಿ ಬರುವ ಹೊತ್ತಿಗೆ ಅವರು ಮೂರನೆಯ ಕಡುಬಿಗೆ ಬೆರಕೆ ಪಲ್ಯ ಹಚ್ಚುತ್ತಿದ್ದರು.

"ಪಲ್ಯ ಭಾರೀ ಐತ್ರಿ. ಉಪ್ಪು ಚೂರು ಕಮ್ಮಿ," ಎಂದರು.

ಲಕ್ಷ್ಮಮ್ಮನ ಜೊತೆ ಬಂದಿದ್ದ ಹೆಂಗಸರೆಲ್ಲ ಬಾಯಿಗೆ ಸೆರಗು ಒತ್ತಿಕೊಂಡರು. ದುರುಗೇಶನ ಮುಖದಲ್ಲಿ ಕೆಸರಿಲ್ಲದ ಜಾಗವೆಲ್ಲ ಸುಣ್ಣ ಬಳಿದಂತಾಯಿತು. ಅಷ್ಟರಲ್ಲಿ ಏಳನೆಯ ತರಗತಿಯ ಅರ್ಪಿತಾ ಪಟ್ಟಿ, ಪೆನ್ಸಿಲ್ ಹಿಡಿದು ಬಂದಳು.

"ಸಾರ್, ಚರಗ ತಿಂದೋರ ಹೆಸ್ರು ಬರ್ಕೋಬೇಕು ಅಂದಿದ್ರಲ್ಲ. ಸಾಹೇಬ್ರನ್ನ ಆಹಾರ ಸರಪಳಿಯಾಗೆ ಎಲ್ಲಿ ಬರೀಲಿ? ಇಲಿ ಮ್ಯಾಲಾ, ಕೆಳಗಾ?"

ಸಾಹೇಬರ ಕೈ ಬುಟ್ಟಿಯಲ್ಲೇ ನಿಂತಿತು. "ಏನಿದು ಚರಗ? ಇದು ನನ್ನ ತಿಂಡಿ ಅಲ್ವೇನ್ರಿ?"

ಲಕ್ಷ್ಮಮ್ಮ ಮುಂದೆ ಬಂದಳು. "ಅಲ್ರೀ ಸಾಹೇಬ್ರೇ. ಇದು ಬಸುರಿ ಬಯಕೆ ಊಟ. ಬಸುರಿಗಿಂತ ಮುಂಚೆ ನೀವು ಉಂಡ್ಬಿಟ್ರಿ."

"ಅಯ್ಯೋ! ಯಾವ ಬಸುರಿ? ಎಲ್ಲಿ ಅವರು?"

"ಅವಳ ಮ್ಯಾಲೇ ಕುಂತೀರಿ."

ಸಾಹೇಬರು ಕೆಂಡದ ಮೇಲೆ ಕೂತವರಂತೆ ಹಾರಿ ಎದ್ದರು. ಏನಿಲ್ಲವೆಂದರೂ ತೆಂಗಿನಮರದೆತ್ತರ ಹಾರಿರಬಹುದು.

ಹೆಂಗಸರು ಗುಂಪಾಗಿ ನಿಂತು ಗುಸುಗುಸು ಮಾಡಿದರು. ಹೊಡೆಯೆಲ್ಲ ಜಳ್ಳಾಗಿಹೋದರೆ ಏನು ಗತಿ ಎಂಬ ಚಿಂತೆ. ಕೊನೆಗೆ ಲಕ್ಷ್ಮಮ್ಮ ತೀರ್ಪು ಕೊಟ್ಟಳು: "ಬಸುರಿ ಊಟ ಉಂಡೋರು ಬಸುರಿ ಲೆಕ್ಕಕ್ಕೇ ಬಂದ್ರು. ಸಾಹೇಬ್ರನ್ನ ಕುಂದ್ರಿಸಿ ಮಡಿಲು ತುಂಬಿದ್ರೆ ಸರಿಹೋಗತೈತೆ."

"ಲಕ್ಷ್ಮಕ್ಕಾ, ಇದು ಯಾವ ಶಾಸ್ತ್ರದಾಗೈತೆ?" ದುರುಗೇಶ್ ಅಳುವಂತೆ ಕೇಳಿದ.

"ಈಗ ಹೇಳಿದ್ನಲ್ಲ, ಇವತ್ತಿಂದ ಐತೆ. ಸುಮ್ನಿರ್ರಿ ಮೇಷ್ಟ್ರೇ."

ಸಾಹೇಬರು ಬೇಡವೆನ್ನಲು ಬಾಯಿ ತೆರೆದರೆ ಒಳಗೆ ಕಡುಬಿತ್ತು. ಅವರನ್ನು ಬಾಳೆಯೆಲೆಯ ಮೇಲೆ ಕೂರಿಸಿದರು. ಅಂಗಿಯ ತುಂಬು ತೋಳನ್ನು ಮಡಚಿ ಅರಿಶಿನ ಹಚ್ಚಿದರು. ಜೋಳದ ದಂಟಿನಂಥ ಬೆರಳುಗಳಿಗೆ ಹಸಿರು ಬಳೆ ಏರಿಸಲು ಹೋಗಿ, ಅವು ಗಿಣ್ಣಿನಲ್ಲಿ ಸಿಕ್ಕಿಕೊಂಡು ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಹೆಗಲಿಗೆ ಕುಬಸದ ಕಣ, ಮಡಿಲಿಗೆ ಅಕ್ಕಿ, ಕೊಬ್ಬರಿ, ಎಲೆಯಡಿಕೆ. ಆರತಿಯ ಹೊತ್ತಿಗೆ ಹಾಲೇಶಪ್ಪ ಮೈಕಿನಲ್ಲಿ, "ಈಗ ಮಾನ್ಯ ಸಾಹೇಬರ ಸೀಮಂತ," ಎಂದು ಮೂರೂರಿಗೆ ಕೇಳುವಂತೆ ಸಾರಿದ.

ದುರುಗೇಶ್ ನನ್ನ ಹಿಂದೆ ಅಡಗಿಕೊಂಡ. "ಮುಗೀತು ಸಾರ್. ಸೊಕ್ಕೆ ಹೋತು. ಇನ್ನ ನನ್ನ ಯಾವ ಕಾಡಿಗೆ ಹಾಕ್ತಾರೋ."

ಆರತಿ ಮುಗಿಯಿತು. ಸಾಹೇಬರು ತಲೆ ತಗ್ಗಿಸಿ ಕೂತೇ ಇದ್ದರು. ಭುಜ ಅಲುಗುತ್ತಿತ್ತು. ಸಿಟ್ಟೆಂದುಕೊಂಡೆವು. ಹತ್ತಿರ ಹೋದರೆ, ಅವರ ಮೀಸೆಯೆಲ್ಲ ಒದ್ದೆ.

"ನಮ್ಮವ್ವ ಹೋದಮ್ಯಾಲೆ ಯಾರೂ ನನ್ನ ಹಿಂಗೆ ಕುಂದ್ರಿಸಿ ಉಣ್ಸಿರಲಿಲ್ಲ," ಎಂದರು. "ನಮ್ಮೂರು ಚನ್ನಗಿರಿ ಹತ್ರ. ಸಣ್ಣೋನಿದ್ದಾಗ ಚರಗಕ್ಕೆ ನಾನೇ ಮುಂದೆ ದೀಪ ಹಿಡಿದು ಹೋಗ್ತಿದ್ದೆ. ಬುಟ್ಟಿ ನೋಡಿದ್ರೂ ಗುರ್ತು ಹತ್ತಲಿಲ್ಲ ನೋಡ್ರಿ. ಇಷ್ಟು ಪುಸ್ತಕ ಓದಿದೆ, ಒಂದ್ರಾಗೂ ಇದು ಇರಲಿಲ್ಲ. ಮರ್ತೇಬಿಟ್ಟೆ."

ಆಮೇಲೆ ಉಳಿದ ಚರಗವನ್ನು ಸಾಹೇಬರೇ ಬುಟ್ಟಿ ಹೊತ್ತು, ಬಳೆ ಸಿಕ್ಕಿಬಿದ್ದ ಕೈಯಲ್ಲೇ ಗದ್ದೆಯ ನಾಲ್ಕೂ ಮೂಲೆಗೆ ಚೆಲ್ಲಿದರು. ಮೈಕು ನಿಂತಿದ್ದರಿಂದ ಗೊರವಂಕಗಳು ಬಂದವು, ಕೊಕ್ಕರೆ ಬಂದವು, ಇರುವೆಯ ಸಾಲು ಬಂತು. ದುರುಗೇಶ್ ಪಾಠ ಮಾಡಿದ. ಇಲಿಯನ್ನು ಹಿಡಿಯುವ ಹಾವು, ಹುಳುವನ್ನು ಹೆಕ್ಕುವ ಕೊಕ್ಕರೆ, ಬದುವಿನ ಒಂದೊಂದು ಸೊಪ್ಪು, ಅವ್ವಂದಿರು ಇವರಿಗೆಲ್ಲ ಪಾಲು ಎತ್ತಿಡುವುದು ಯಾಕೆ ಎನ್ನುವುದು. ಕೆಸರು ಮೆತ್ತಿದ ಮೇಷ್ಟ್ರ ಸುತ್ತ ಮಕ್ಕಳು ಹಾಗೇ ಕೂತಿದ್ದರು. ಗಂಟೆ ಹೊಡೆಯುವವರಿರಲಿಲ್ಲ, ಇದ್ದರೂ ಯಾರೂ ಏಳುತ್ತಿರಲಿಲ್ಲ.

ಸಾಹೇಬರು ಹೊರಟಾಗ ನಾನು ಜೀಪಿನ ಮರೆಗೆ ಕರೆದೊಯ್ದು ದುರುಗೇಶನ ಪರವಾಗಿ ವಾದಿಸಿದೆ. ಹೇಗೆ ವಾದಿಸಿದೆನೆಂದರೆ, ಜೀಪಿನ ಟೈರು ಕರಗಿ ಅರ್ಧ ಇಂಚು ಕೆಳಗಿಳಿಯಿತು. 'ಸಾರ್, ಈ ದಂಪತಿಗಳನ್ನು ಒಂದು ಮಾಡಿ ಪುಣ್ಯ ಕಟ್ಟಿಕೊಳ್ಳಿ, ಸೊಕ್ಕೆಗೆ ಹಾಕಿ' ಎಂದೆ. ಸಾಹೇಬರು ತಲೆಯಾಡಿಸಿ, ದುರುಗೇಶನನ್ನು ಕರೆದು ಎರಡೂ ಕೈ ಹಿಡಿದುಕೊಂಡರು.

"ನಿಮ್ಮ ಉಪಕಾರ ನಾನು ಮರೆಯಂಗಿಲ್ಲ ಮೇಷ್ಟ್ರೇ. ನಿಮ್ಮ ಅರ್ಜಿ ವಾಪಸ್ ಕೊಡ್ತಿದೀನಿ. ಇಂಥಾ ಮೇಷ್ಟ್ರನ್ನ ಈ ಊರಿಂದ ಕಿತ್ರೆ ನನಗೆ ಪಾಪ ಬರತೈತೆ. ಇಲ್ಲೇ ಇರ್ರಿ. ಜೊತೆಗೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ನಾಕೂ ತಾಲ್ಲೂಕಿನ ಮೇಷ್ಟ್ರಿಗೆ ಹಿಂಗೆ ಪಾಠ ಮಾಡಾಕೆ ನೀವೇ ಕಲಿಸ್ಬೇಕು. ಶನಿವಾರ, ಭಾನುವಾರ."

"ಶನಿವಾರ, ಭಾನುವಾರನಾ?" ದುರುಗೇಶ್ ಎರಡು ಬೆರಳು ಮಡಚಿ ನೋಡಿಕೊಂಡ. ಹೆಂಡತಿಯ ಮುಖ ಕಾಣುತ್ತಿದ್ದದ್ದು ಆ ಎರಡೇ ದಿನ.

"ಬ್ಯಾಸರ ಮಾಡ್ಕೋಬ್ಯಾಡ್ರಿ, ಸೊಕ್ಕೆಗೂ ಹಾಕೀನಿ. ಒಂದು ದಿವ್ಸ."

ಊರಿಗೆ ಊರೇ ಚಪ್ಪಾಳೆ ತಟ್ಟಿತು. ಹೆಂಗಸರು ದುರುಗೇಶನ ಕೈಗೆ ಹೋಳಿಗೆ ತುರುಕಿದರು. ಜೀಪು ಬಳೆಯ ಸದ್ದು ಮಾಡುತ್ತ ಹೋಯಿತು. ನಾನು ದುರುಗೇಶನ ಹೆಗಲ ಮೇಲೆ ಕೈಯಿಟ್ಟು, "ನಾನು ಎಷ್ಟು ಹೇಳಿದ್ರೂ ಕೇಳಲಿಲ್ಲಪ್ಪ ಆ ಮನುಷ್ಯ," ಎಂದು ನಿಟ್ಟುಸಿರಿಟ್ಟೆ.

"ಯಾಕ್ರೀ ಮಾಲತೇಶ್ ಮೇಷ್ಟ್ರೇ, ಹಂಗಂತೀರಿ?" ಎಂದಳು ಲಕ್ಷ್ಮಮ್ಮ. "ಜೀಪಿಗೆ ತೆಂಗಿನಕಾಯಿ ಇಡಾಕೆ ಅಂತ ನಾನು ಅಲ್ಲೇ ನಿಂತಿದ್ನಲ್ಲ. 'ಈ ಹುಡುಗನ್ನ ಎಲ್ಲಿಗೂ ಕಳಿಸ್ಬ್ಯಾಡ್ರಿ ಸಾರ್, ಕಾಲಿಗೆ ಬೀಳ್ತೀನಿ' ಅಂದೋರು ನೀವೇ ಅಲ್ವಾ? ಒಳ್ಳೇ ಕೆಲಸ ಮಾಡಿದ್ರಿ ಬಿಡ್ರಿ. ಊರೇ ನಿಮಗೆ ಋಣಿ."

ದುರುಗೇಶ್ ನನ್ನ ಕಡೆ ತಿರುಗಿದ. ಕೆಸರು ಒರೆಸಿಕೊಂಡು ಜೇಬಿನಿಂದ ಮೊಬೈಲ್ ತೆಗೆದ, ಹೆಂಡತಿಗೆ ಫೋನ್ ಹಚ್ಚಿದ, ಅದನ್ನು ನನ್ನ ಕೈಗೆ ಕೊಟ್ಟ.

"ನೀವೇ ಹೇಳ್ರಿ ಸಾರ್."

ಆ ಕಡೆಯಿಂದ ರಕ್ಷಾಳ ದನಿ ಬಂತು, ಒಂದೇ ಉಸಿರಿನಲ್ಲಿ. "ಏನಾತ್ರೀ? ಸಹಿ ಹಾಕಿದ್ರಾ?"

ನನ್ನ ನಾಲಿಗೆಯ ತುದಿಗೆ ಸುಳ್ಳುಗಳು ಬಸ್ ಹತ್ತುವವರಂತೆ ನುಗ್ಗಿ ಬಂದವು. ಸರ್ಕಾರ ಬಿದ್ದಿದೆ, ಸಾಹೇಬರಿಗೆ ಬಳೆ ಚುಚ್ಚಿ ಪೆನ್ನು ಹಿಡಿಯಲಾಗಲಿಲ್ಲ, ಏಡಿ ಬಂದು ಅರ್ಜಿ ಎಳೆದುಕೊಂಡು ಹೋಯಿತು. ದುರುಗೇಶ್ ಎದುರಿಗೇ ನಿಂತಿದ್ದ. ಅವನ ಹಿಂದೆ ಅರ್ಪಿತಾ ಉಳಿದ ಮಕ್ಕಳಿಗೆ ಸೊಪ್ಪುಗಳ ಹೆಸರು ಹೇಳಿಕೊಡುತ್ತಿದ್ದಳು, ನಾನು ಇಷ್ಟು ವರ್ಷ ಅದೇ ಬದುವಿನ ಮೇಲೆ ಓಡಾಡಿಯೂ ಕಲಿಯದ ಹೆಸರುಗಳನ್ನು.

"ಅವನಲ್ಲ ತಂಗಿ, ನಾನು, ಮಾಲತೇಶ್ ಮೇಷ್ಟ್ರು," ಎಂದೆ. "ಸಹಿ ಹಾಕಲಿಲ್ಲ. ಹಾಕಬ್ಯಾಡ್ರಿ ಅಂತ ನಾನೇ ಹೇಳಿದೆ. ಇವನು ಬರೋಗಂಟ ಈ ಶಾಲೆಯಾಗೆ ನಾನು ಬರೀ ಮಗ್ಗಿ ಹೇಳಿಸ್ತಿದ್ದೆ, ಹುಡುಗ್ರು ಕಿಟಕಿ ನೋಡ್ತಿದ್ರು. ಈಗ ಹಿಂದಿನ ಬೆಂಚಿನಾಗೆ ನಾನೂ ಕುಂತು ಕೇಳ್ತೀನಿ. ಇವನು ಹೋದ್ರೆ ನನಗೆ ಮೇಷ್ಟ್ರು ಯಾರವ್ವ?"

ಆ ಕಡೆ ಬಾಗಿಲು ಮುಚ್ಚಿದ ಸದ್ದಾಯಿತು.

"ನಿಮ್ಮ ಮಾತು ಯಾವಾಗ್ಲೂ ಒಂದಕ್ಕೆ ಹತ್ತು ಇರತೈತೆ ಅಂತ ಇವರು ಹೇಳ್ತಿರ್ತಾರೆ ಸಾರ್," ಎಂದಳು ರಕ್ಷಾ. "ಇದ್ರಾಗೆ ನಿಜ ಎಷ್ಟು?"

"ಪೂರ್ತಿ ಕಣವ್ವ," ಎಂದೆ. "ಅದಕ್ಕೇ ಹೇಳಾಕೆ ಇಷ್ಟು ಕಷ್ಟ ಆತು."