ಕೂತು ದುಡಿದವರು

ಗುಮಾಸ್ತ: ಅಮ್ಮಾ, ಸೋಮಾರಿ ಅಂತ ನೀವೇ ಹೇಳಿದ್ಮೇಲೆ ನಾನು ಡಿಲಿಜೆಂಟ್ ಅಂತ ಹೇಗೆ ಹಾಕ್ಲಿ?

ನಾನು: ಸೋಮಾರಿ ಅಂತ ನಾನೆಲ್ಲಿ ಹೇಳ್ದೆ? ಕೂತೇ ಇರ್ತಿದ್ರು ಅಂದೆ.

ಗುಮಾಸ್ತ: ಎರಡೂ ಒಂದೇ ಅಲ್ವಾ?

ನಾನು: ಕುರ್ಚಿ ಫ್ಯಾಕ್ಟರಿ ಗುಮಾಸ್ತರ ಬಾಯಲ್ಲಿ ಬರೋ ಮಾತಾ ಇದು? ಕುರ್ಚಿ ಮಾರೋದು ಯಾತಕ್ಕೆ, ಹತ್ತಿ ಕುಣಿಯೋದಕ್ಕಾ?

ನಮ್ಮ ಮನೆಯವರಿಗೆ ಆ ಫ್ಯಾಕ್ಟರಿಯಲ್ಲಿ ಕೂರುವ ಕೆಲಸ. ತಮಾಷೆಯಲ್ಲ. ತಯಾರಾದ ಕುರ್ಚಿ ಒಂದೊಂದೂ ಅವರ ಮುಂದೆ ಬರಬೇಕು, ಅವರು ಕೂರಬೇಕು. ಅಲುಗಾಡಿದರೆ ವಾಪಸ್ಸು. ಕಿರುಗುಟ್ಟಿದರೆ ವಾಪಸ್ಸು. ನನ್ನ ಕೈಹಿಡಿದಾಗಲೂ ಅದೇ ಕೆಲಸ, ಹೋಗುವ ತನಕವೂ ಅದೇ ಕೆಲಸ. ಹೋಗಿ ಒಂದು ತಿಂಗಳಾಯಿತು.

ಫ್ಯಾಕ್ಟರಿಯ ಹಾಲಿನಲ್ಲಿ ತೀರಿಕೊಂಡ ಕೆಲಸಗಾರರ ಫೋಟೋಗಳಿಗೆ ಅಂತ ಒಂದು ಗೋಡೆ ಇದೆ. ಫೋಟೋ ಕೆಳಗೆ ಹಿತ್ತಾಳೆ ತಗಡು, ತಗಡಿನ ಮೇಲೆ ಒಂದೇ ಒಂದು ಇಂಗ್ಲಿಷ್ ಪದ. ಫ್ಯಾಕ್ಟರಿ ಯಜಮಾನರು ತಗಡುಗಳನ್ನು ಅಂಗಡಿಯಿಂದ ಒಟ್ಟಿಗೆ ತಂದುಬಿಟ್ಟಿದ್ದರು. ಲಾಯಲ್ ಮುಗಿಯಿತು, ಆನೆಸ್ಟ್ ಮುಗಿಯಿತು, ಚಿಯರ್‌ಫುಲ್ ಕೂಡ ಒಬ್ಬ ಸಿಡುಕನ ಪಾಲಾಯಿತು. ಉಳಿದದ್ದು ಡಿಲಿಜೆಂಟ್ ಒಂದೇ. ಗೋಡೆಯಲ್ಲಿ ಉಳಿದಿದ್ದ ಮೊಳೆಯೂ ಒಂದೇ. ಆ ಮೊಳೆಗೆ ನಮ್ಮವರನ್ನು ಹಾಕಬೇಕು ಅಂತ ನಾನು ಫೋಟೋವನ್ನು ಟವೆಲಿನಲ್ಲಿ ಸುತ್ತಿಕೊಂಡು ಹೋಗಿದ್ದೆ. ನೆಂಟರೆಲ್ಲ ಅವರನ್ನು ‘ಕೂತು ತಿನ್ನೋನು’ ಅಂದಿದ್ದರು. ಒಂದು ಕಡೆಯಾದರೂ ಬೇರೆ ಮಾತು ಇರಲಿ ಅಂತ ನನ್ನ ಆಸೆ.

ನಾನು: ಆ ಪದದ ಅರ್ಥ ಸರಿಯಾಗಿ ಹೇಳಿ. ಆಮೇಲೆ ಅವರಿಗೆ ಒಪ್ಪುತ್ತೋ ಇಲ್ಲವೋ ನೋಡೋಣ.

ಗುಮಾಸ್ತ: ಡಿಲಿಜೆಂಟ್ ಅಂದ್ರೆ ಶ್ರದ್ಧೆಯಿಂದ ಕೆಲಸ ಮಾಡೋರು. ಬಿಡದೆ, ಬೇಜಾರು ಮಾಡ್ಕೊಳ್ಳದೆ. ಯಾರು ನೋಡ್ಲಿ ಬಿಡ್ಲಿ, ಒಂದೇ ಸಮ ಮಾಡೋರು.

ನಾನು: ಹಾಗಾದ್ರೆ ನಮ್ಮನೆ ನಲ್ಲಿ ಡಿಲಿಜೆಂಟು.

ಗುಮಾಸ್ತ: ನಲ್ಲೀನಾ?

ನಾನು: ಯಾರೂ ನೋಡದಿದ್ರೂ ಒಂದೇ ಸಮ ತೊಟ್ಟಿಕ್ಕುತ್ತೆ.

ಗುಮಾಸ್ತ: ಅದು ಕೆಟ್ಟಿದೆ ಅಮ್ಮ. ಕೆಟ್ಟಿರೋದನ್ನ ಡಿಲಿಜೆಂಟ್ ಅನ್ನೋ ಹಾಗಿಲ್ಲ. ಒಳ್ಳೆ ಕೆಲಸ ಆಗಿರ್ಬೇಕು.

ನಾನು: ನಮ್ಮತ್ತೆ?

ಗುಮಾಸ್ತ: ಏನು ಮಾಡ್ತಿದ್ರು?

ನಾನು: ನನ್ನ ತಪ್ಪು ಹುಡುಕ್ತಿದ್ರು. ಜ್ವರ ಬಂದ್ರೂ ಬಿಡ್ಲಿಲ್ಲ. ಕಣ್ಣು ಮಂಜಾದ್ಮೇಲೆ ಕೈಯಲ್ಲಿ ಮುಟ್ಟಿ ಹುಡುಕಿದ್ರು.

ಗುಮಾಸ್ತ: (ಸ್ವಲ್ಪ ಯೋಚಿಸಿ) ಅದು… ಹತ್ತಿರ ಹತ್ತಿರ ಬಂತು. ಆದ್ರೆ ಫೋಟೋ ಅವರದ್ದಲ್ವಲ್ಲ.

ಗುಮಾಸ್ತ ಮಾತಾಡುವಾಗೆಲ್ಲ ಅವನ ಕುರ್ಚಿ ಟಕ್ ಟಕ್ ಅನ್ನುತ್ತಿತ್ತು. ಕಾಲಿನಡಿ ಒಂದು ರಟ್ಟು ತುರುಕಿದ್ದ. ರಟ್ಟೂ ಸೋತಿತ್ತು. ನನ್ನ ಪಕ್ಕದಲ್ಲೂ ಒಂದು ಹೊಸ ಕುರ್ಚಿ ಹಾಕಿದ್ದರು. ನಾನು ಕೂತಿರಲಿಲ್ಲ.

ಆಗ ಅಂಟಣ್ಣ ಬಂದ. ಕುರ್ಚಿಗಳಿಗೆ ಅಂಟು ಹಾಕುವವನು, ನಮ್ಮ ಮನೆಯವರ ಹಳೇ ಸ್ನೇಹಿತ. ಅವರ ಪರವಾಗಿ ಸಾಕ್ಷಿ ಹೇಳಲಿ ಅಂತ ನಾನೇ ಹೇಳಿಕಳಿಸಿದ್ದೆ.

ಗುಮಾಸ್ತ: ಬಾಪ್ಪಾ. ಇವರ ಯಜಮಾನರು ಡಿಲಿಜೆಂಟ್ ಹೌದೋ ಅಲ್ವೋ? ಸತ್ಯ ಹೇಳು.

ಅಂಟಣ್ಣ: ಅತ್ತಿಗೆ ಎದುರಿಗೆ ಹೇಗೆ ಹೇಳ್ಲಿ?

ನಾನು: ಹಿಂದೆ ಹೇಳಿದ್ರೆ ಚಾಡಿ ಆಗುತ್ತೆ. ಎದುರಿಗೇ ಹೇಳು.

ಅಂಟಣ್ಣ: ನಿದ್ದೆ ಮಾಡ್ತಿದ್ದ ಅತ್ತಿಗೆ. ಕುರ್ಚಿ ಮೇಲೆ ಕೂತು ಗೊರಕೆ ಹೊಡೀತಿದ್ದ.

ಗುಮಾಸ್ತ: ಆಯ್ತು, ಮುಗೀತು ಬಿಡಿ.

ನಾನು: ಏನು ಮುಗೀತು? ಎಲ್ಲಾ ಕುರ್ಚಿ ಮೇಲೂ ನಿದ್ದೆ ಮಾಡ್ತಿದ್ರಾ, ಕೇಳಿ.

ಅಂಟಣ್ಣ: ಎಲ್ಲಾದರ ಮೇಲೂ ಇಲ್ಲ. ನಿದ್ದೆ ಬಂದ್ರೆ ಕುರ್ಚಿ ಪಾಸು. ಬರದಿದ್ರೆ ನನ್ನ ಹತ್ರ ವಾಪಸ್ಸು. ‘ಇದರಲ್ಲಿ ಕಣ್ಣು ಹತ್ತುತ್ತಿಲ್ಲ, ಬೆನ್ನು ಸರಿ ಮಾಡು’ ಅನ್ನೋನು. ಅವನಿಂದ ನನ್ನ ಬೆನ್ನು ಮುರೀತು.

ನಾನು: ನೋಡಿ! ಅದು ಪರೀಕ್ಷೆ.

ಗುಮಾಸ್ತ: ಗೊರಕೆ?

ನಾನು: ಗೊರಕೆ ಫಲಿತಾಂಶ.

ಗುಮಾಸ್ತ ಹಣೆ ಒರೆಸಿಕೊಂಡ. ಕುರ್ಚಿ ಟಕ್ ಅಂತು.

ಗುಮಾಸ್ತ: ಅಮ್ಮಾ, ನನ್ನ ಕಷ್ಟ ಅರ್ಥ ಮಾಡ್ಕೊಳ್ಳಿ. ಹಿಂದೆ ಗೇಟಿನವನ ಫೋಟೋಗೆ ಪಂಕ್ಚುಯಲ್ ಹಾಕಿಬಿಟ್ವಿ. ಆತ ಜನ್ಮದಲ್ಲಿ ಹೊತ್ತಿಗೆ ಸರಿಯಾಗಿ ಗೇಟು ತೆಗೆದೋನಲ್ಲ. ಈಗ ತಡವಾಗಿ ಬಂದವರೆಲ್ಲ ಆ ಫೋಟೋಗೆ ಕೈಮುಗಿದು ಒಳಗೆ ಬರ್ತಾರೆ. ಕೇಳಿದ್ರೆ ‘ಪಂಕ್ಚುಯಲ್ ಅಣ್ಣನ ದಾರೀಲಿ ನಡೀತಿದ್ದೀವಿ’ ಅಂತಾರೆ. ಅದಕ್ಕೇ ಫ್ಯಾಕ್ಟರಿ ಯಜಮಾನರು ಕಟ್ಟುನಿಟ್ಟು ಮಾಡಿದಾರೆ. ಪದವನ್ನ ವಾಕ್ಯದಲ್ಲಿ ಉಪಯೋಗಿಸಿ ತೋರಿಸ್ಬೇಕು. ವಾಕ್ಯ ನಿಜ ಆಗಿರ್ಬೇಕು.

ಅಂಟಣ್ಣ: (ಕೆಮ್ಮಿ) ಒಂದು ವೇಳೆ ಇವರಿಗೆ ಆಗದಿದ್ರೆ, ಆ ಪದ ನನಗೆ ಎತ್ತಿಡಿ.

ನಾನು: ನಿನಗಾ?

ಅಂಟಣ್ಣ: ನಾನೂ ದುಡಿದಿಲ್ವಾ ಅತ್ತಿಗೆ? ಇದೊಂದೇ ಉಳಿದಿರೋದು. ನಾನು ಹೋಗೋ ಹೊತ್ತಿಗೆ ಪದವೂ ಇರಲ್ಲ, ಮೊಳೆಯೂ ಇರಲ್ಲ.

ನಾನು: ಸಾಯೋ ಯೋಚನೆ ಏನಾದ್ರೂ ಇದೆಯಾ?

ಅಂಟಣ್ಣ: ಸದ್ಯಕ್ಕಿಲ್ಲ.

ನಾನು: ಮತ್ತೆ ಸಾಲಿನಲ್ಲಿ ಯಾಕೆ ನಿಂತಿದ್ದೀಯ? ನಮ್ಮವರು ಸತ್ತು ಬಂದಿದಾರೆ. ಸಾಕ್ಷಿ ಹೇಳು ಅಂತ ಕರೆದ್ರೆ ಆಸ್ತಿಗೆ ಬಂದಿದ್ದೀಯಲ್ಲೋ!

ಅಂಟಣ್ಣ: ಮುಂಚೆ ಹೋದೋರಿಗೆ ಒಳ್ಳೊಳ್ಳೆ ಪದ ಸಿಕ್ತು. ಬದುಕಿದ್ದದ್ದೇ ನನ್ನ ತಪ್ಪಾ?

ಗುಮಾಸ್ತ: ಜಗಳ ಬೇಡ. ಈಗ ಅವರ ಕೆಲಸವನ್ನ ಮರಳಿನ ಮೂಟೆಗೆ ಕೊಟ್ಟಿದೀವಿ. ಮೂಟೆ ಒಂದಿನ ರಜೆ ಹಾಕಿಲ್ಲ, ನಿದ್ದೆ ಮಾಡಿಲ್ಲ. ಹಾಗೆ ನೋಡಿದ್ರೆ ಡಿಲಿಜೆಂಟ್ ಅಂದ್ರೆ ಮೂಟೇನೇ.

ನಾನು: ಎಷ್ಟು ಕುರ್ಚಿ ವಾಪಸ್ ಕಳಿಸಿದೆ, ನಿಮ್ಮ ಮೂಟೆ?

ಗುಮಾಸ್ತ: ಒಂದೂ ಇಲ್ಲ. ಎಲ್ಲಾ ಪಾಸು.

ಟಕ್.

ನಾನು: ನೀವು ಕೂತಿರೋದೂ ಮೂಟೆ ಪಾಸು ಮಾಡಿದ್ದಾ?

ಗುಮಾಸ್ತ ಬಗ್ಗಿ ರಟ್ಟನ್ನು ಇನ್ನೂ ಒಳಗೆ ತಳ್ಳಿದ. ಮುಖ ಕೆಂಪಾಗಿತ್ತು.

ಗುಮಾಸ್ತ: ವಾಕ್ಯ ಹೇಳಿ ಅಮ್ಮ. ಮನೇಲಿ ಹೇಗಿದ್ರು? ಮನೇಲಿ ಇರೋ ಹಾಗೇ ಮನುಷ್ಯ.

ನಾನು: ಮನೇಲಿ ಕೂರ್ತಾನೇ ಇರ್ಲಿಲ್ಲ.

ಗುಮಾಸ್ತ: ಅಂದ್ರೆ?

ನಾನು: ಅಂದ್ರೆ ಕೂರ್ತಿರ್ಲಿಲ್ಲ. ನಿಂತೇ ಊಟ. ನಿಂತೇ ಪೇಪರ್ ಓದೋದು. ‘ಕೂರೋದು ಕೆಲಸ ಕಣೇ, ಕೆಲಸಾನ ಮನೆಗೆ ತರಬಾರದು’ ಅನ್ನೋರು. ನೆಂಟರ ಮನೆಗೆ ಹೋದ್ರೂ ಗೋಡೆಗೆ ಒರಗಿ ನಿಲ್ಲೋರು. ‘ಕೂತ್ಕೊಳ್ಳಿ’ ಅಂದ್ರೆ ‘ಇವತ್ತು ರಜೆ’ ಅನ್ನೋರು. ನಾದಿನಿ ಮುನಿಸ್ಕೊಂಡು ಮಾತೇ ಬಿಟ್ಟಳು, ನಮ್ಮನೆ ಸೋಫಾ ಅಣ್ಣನಿಗೆ ಕೀಳಾಯ್ತು ಅಂತ.

ಅಂಟಣ್ಣ: ಬಸ್ಸಲ್ಲೂ ಅಷ್ಟೇ. ಪಕ್ಕದಲ್ಲಿ ಸೀಟು ಖಾಲಿ ಇದ್ರೂ ಜೋತಾಡ್ಕೊಂಡೇ ಬರೋನು.

ಗುಮಾಸ್ತ: ಕೂತು ಉಂಡರೆ ಕುಡಿಕೆ ಹೊನ್ನೂ ಸಾಲದು ಅಂತಾರಲ್ಲ…

ನಾನು: ಅದು ಬೇರೆಯವರಿಗೆ. ಲೋಕವೆಲ್ಲ ನಿಂತು ದುಡಿಯುತ್ತೆ, ಕೂತು ಉಣ್ಣುತ್ತೆ. ಇವರು ಕೂತು ದುಡಿದರು, ನಿಂತು ಉಂಡರು.

ಗುಮಾಸ್ತನಿಗೆ ಮಾತು ಹಿಡಿಸಿತು. ತಗಡನ್ನು ಕೈಗೆ ತೆಗೆದುಕೊಂಡ. ಮತ್ತೆ ಇಟ್ಟುಬಿಟ್ಟ.

ಗುಮಾಸ್ತ: ಆದ್ರೆ ಅದರಲ್ಲಿ ಡಿಲಿಜೆಂಟ್ ಬರಲಿಲ್ವಲ್ಲ.

ನಾನು: ಹೋಗಿದ್ದೂ ನಿಂತೇ.

ಗುಮಾಸ್ತ: ಏನು?

ನಾನು: ಬಾಗಿಲ ಹತ್ರ ನಿಂತಿದ್ರು. ಎದೆ ಹಿಡ್ಕೊಂಡ್ರು. ಮುಖ ಬೆವರ್ತಿತ್ತು. ‘ರೀ, ಕೂತ್ಕೊಳ್ಳಿ’ ಅಂದೆ. ‘ಇವತ್ತು ರಜೆ ಕಣೇ’ ಅಂದ್ರು. ಅಷ್ಟೇ.

ಅಂಟಣ್ಣ ಬೆರಳಿಗೆ ಅಂಟಿದ ಅಂಟನ್ನು ಕೀಳುತ್ತಾ ನಿಂತ. ಹೊರಗೆ ಗರಗಸ ಒಂದೇ ಸಮ ಕೂಗುತ್ತಿತ್ತು.

ಗುಮಾಸ್ತ: (ಮೆಲ್ಲಗೆ) ಅಮ್ಮಾ, ತಪ್ಪು ತಿಳೀಬೇಡಿ. ಆದ್ರೆ ರಜೆ ದಿನದ್ದು ಲೆಕ್ಕಕ್ಕೆ ಬರಲ್ಲ.

ಅಂಟಣ್ಣ: ಥೂ, ನಿನ್ನ ಗುಮಾಸ್ತಗಿರಿಗೆ ಬೆಂಕಿ ಬೀಳ!

ಗುಮಾಸ್ತ: ನಾನೇನು ಮಾಡ್ಲಿ? ಡಿಲಿಜೆಂಟ್ ಅನ್ನೋಕೆ ಕೆಲಸ ಬೇಕು. ಅವರ ಕೆಲಸ ಕೂರೋದು. ಮನೇಲಿ ಕೂರ್ತಿರ್ಲಿಲ್ಲ. ಇಲ್ಲಿ ಕೂತಿದ್ದಕ್ಕೆ ಸಂಬಳ ಬರ್ತಿತ್ತು. ಯಾರೂ ನೋಡದೇ ಇದ್ದಾಗ, ಸಂಬಳ ಇಲ್ಲದೆ, ಸುಮ್ಮನೆ ಎಲ್ಲಾದ್ರೂ ಕೂತಿದ್ರಾ? ಒಂದೇ ಒಂದು ಸಲ?

ನನಗೆ ಕೋಪ ಬಂದಿತ್ತು. ‘ಇಲ್ಲ’ ಅಂತ ಬಾಯಿ ತೆಗೆದೆ. ಅಷ್ಟರಲ್ಲಿ ನೆನಪಾಯಿತು.

ನಾನು: ಕೂತಿದ್ರು.

ಗುಮಾಸ್ತ: ಎಲ್ಲಿ?

ನಾನು: ಆಸ್ಪತ್ರೇಲಿ. ನನಗೆ ಹೊಟ್ಟೆ ಕೊಯ್ದಿದ್ರಲ್ಲ, ಆಗ. ಮಂಚದ ಪಕ್ಕ ಒಂದು ಸ್ಟೂಲ್ ಇತ್ತು. ಒಂದು ಕಾಲು ಗಿಡ್ಡ, ಇನ್ನೊಂದು ಸಡಿಲ.

ಅಂಟಣ್ಣ: ಅಂಥದ್ದನ್ನ ಅವನು ಕಾಲಲ್ಲೂ ಮುಟ್ತಿರ್ಲಿಲ್ಲ!

ನಾನು: ಅದರ ಮೇಲೆ ಕೂತಿದ್ರು. ಕಣ್ಣು ಬಿಟ್ಟಾಗಲೆಲ್ಲ ನೋಡಿದೆ, ಕೂತೇ ಇದ್ರು. ನಿದ್ದೆ ಮಾಡ್ಲಿಲ್ಲ. ನರ್ಸಮ್ಮ ಬಂದು ‘ಮನೆಗೆ ಹೋಗಿ’ ಅಂದ್ರೂ ಏಳ್ಲಿಲ್ಲ. ನನಗೆ ಮಾತು ಬಂದ ಕೂಡಲೇ ಕೇಳ್ದೆ, ‘ರೀ, ಕೂತಿದ್ದೀರಲ್ಲ, ಇವತ್ತು ರಜೆ ಅಲ್ವಾ?’ ಅಂತ.

ಗುಮಾಸ್ತ: ಏನಂದ್ರು?

ನಾನು: ‘ಇಲ್ಲ, ಡ್ಯೂಟಿ’ ಅಂದ್ರು.

ಗುಮಾಸ್ತ ತನ್ನ ಕುರ್ಚಿಯಲ್ಲಿ ಅಲುಗಾಡದೆ ಕೂತ. ಟಕ್ ಅನ್ನಲಿಲ್ಲ.

ನಾನು: ಈಗ ವಾಕ್ಯ ಹೇಳ್ತೀನಿ, ಕೇಳಿ. ನಮ್ಮ ಮನೆಯವರು ಡಿಲಿಜೆಂಟ್ ಆಗಿ ನನ್ನ ಪಕ್ಕ ಕೂತಿದ್ರು. ಸರಿಯಾಯ್ತಾ?

ಗುಮಾಸ್ತ: ಆಯ್ತಮ್ಮ. (ಮೂಗು ಒರೆಸಿಕೊಂಡು) ನನಗೆ ಗೊತ್ತಿರೋ ವಾಕ್ಯಗಳಲ್ಲೆಲ್ಲ ಇದೇ ಸರಿಯಾಗಿದೆ.

ತಗಡನ್ನು ಅಂಗಿಯ ತೋಳಲ್ಲಿ ಉಜ್ಜಿ ನನ್ನ ಕೈಗೆ ಕೊಟ್ಟ. ತಣ್ಣಗಿತ್ತು. ಮೂವರೂ ಹಾಲಿಗೆ ಹೋದೆವು. ಗುಮಾಸ್ತ ತನ್ನ ಕುರ್ಚಿಯನ್ನೇ ಹೊತ್ತುಕೊಂಡು ಬಂದ, ಮೊಳೆ ಎತ್ತರದಲ್ಲಿತ್ತು. ಗೋಡೆಯ ಮೇಲೆ ಎಲ್ಲರೂ ಸಾಲಾಗಿ ನೇತಾಡುತ್ತಿದ್ದರು. ಲಾಯಲ್, ಆನೆಸ್ಟ್, ಪಂಕ್ಚುಯಲ್. ಕೊನೆಯಲ್ಲಿ ಖಾಲಿ ಮೊಳೆ. ನಾನು ಟವೆಲು ಬಿಚ್ಚಿ ಫೋಟೋ ತೆಗೆದೆ. ಅವರ ಮುಖ ನೋಡಿದೆ. ಮೊಳೆ ನೋಡಿದೆ.

ಗುಮಾಸ್ತ: ಕೊಡಿ ಅಮ್ಮ, ನೇತುಹಾಕ್ತೀನಿ.

ನಾನು: ಬೇಡ.

ಗುಮಾಸ್ತ: ಮತ್ತೇನು? ಬೆಳಗಿನಿಂದ ನನ್ನ ತಲೆ ತಿಂದಿದ್ದು ಯಾತಕ್ಕೆ?

ನಾನು: ಇವರು ಇಲ್ಲಿ ಯಾವತ್ತಾದ್ರೂ ನೇತಾಡಿದ್ರಾ? ಡ್ಯೂಟಿ ಮೇಲಿದಾರೆ ಅಂದ್ಮೇಲೆ ಕೂರಿಸ್ಬೇಕು. ಕುರ್ಚಿ ಇಳಿಸಿ.

ಗುಮಾಸ್ತ: ಇದು ನನ್ನ ಕುರ್ಚಿ!

ನಾನು: ನೀವು ಮೂಟೆ ಮೇಲೆ ಕೂತ್ಕೊಳ್ಳಿ. ಅದು ಎಲ್ಲಾರನ್ನೂ ಪಾಸು ಮಾಡುತ್ತೆ.

ಗುಮಾಸ್ತ ಕುರ್ಚಿ ಕೆಳಗಿಟ್ಟ. ನಾನೇ ಅದನ್ನು ಗೋಡೆಗೆ ಎಳೆದೆ. ಫೋಟೋವನ್ನು ಕುರ್ಚಿಯ ಬೆನ್ನಿಗೆ ಒರಗಿಸಿದೆ. ತಗಡನ್ನು ಮುಂದೆ, ತೊಡೆ ಇರುವ ಜಾಗದಲ್ಲಿ ಇಟ್ಟೆ.

ಅಂಟಣ್ಣ: ಹಾಗಾದ್ರೆ ಮೊಳೆ ಖಾಲಿ ಉಳೀತಲ್ಲ ಅತ್ತಿಗೆ?

ನಾನು: ನಿನಗೇ ಇರ್ಲಿ.

ಅಂಟಣ್ಣ: (ಮುಖ ಅರಳಿ, ತಕ್ಷಣ ಬಾಡಿ) ಮೊಳೆಗಾ? ಹುಟ್ಟಾ ಅಂಟಿನವನು ನಾನು. ಸತ್ತ ಮೇಲೆ ಮೊಳೆಗೆ ಬಿದ್ರೆ ಜನ ಏನಂತಾರೆ? ನನ್ನನ್ನ ಅಂಟಿಸಿ.

ಗುಮಾಸ್ತ: ಅಯ್ಯೋ, ಪದವೂ ಇಲ್ಲ, ಅಂಟೂ ಇಲ್ಲ, ಏನೂ ಕೇಳಬೇಡಿ ನನ್ನ! ಅಮ್ಮಾ, ಒಂದು ಮಾತು. ಆ ಕುರ್ಚಿ ಅಲುಗಾಡುತ್ತೆ. ಫೋಟೋ ಬಿದ್ದುಹೋಗುತ್ತೆ. ರಟ್ಟಾದ್ರೂ ಕೊಡ್ತೀನಿ, ಕಾಲಿನಡಿ ಇಡಿ.

ನಾನು ಬೆರಳಲ್ಲಿ ಕುರ್ಚಿಯನ್ನು ಒಂದು ಸಲ ಮುಟ್ಟಿದೆ. ಟಕ್ ಅಂತು.

ನಾನು: ಏನೂ ಬೇಡ ಬಿಡಿ. ಕೂತಿದಾರಲ್ಲ, ನೋಡ್ಕೋತಾರೆ.